ಪದಚರ್ಚೆ: ಎಲೆಕ್ಟ್ರೋ-ಪಾಪ್ ‘ಜೋಡಿ’ಯ ಆಲ್ಬಮ್, ಅದರ ‘ನಿರ್ಮಾಪಕ’ ಯಾರು?

ಗೆಳೆಯರೇ,

ಒಂದು ಪುಟ್ಟ ಪರಿಚಯ ಲೇಖನ ಬರೆಯುತ್ತಿದ್ದೇನೆ. ಮೊದಲ ವಾಕ್ಯದಲ್ಲೇ ಗಾಡಿ ನಿಂತಿದೆ. ವಿಷಯ ಇಷ್ಟೇ: ಪೆಟ್ ಶಾಪ್ ಬಾಯ್ಸ್ ಅನ್ನೋ ಇಂಗ್ಲೆಂಡಿನ ಎಲೆಕ್ಟ್ರೋ-ಪಾಪ್ ಜೋಡಿ 2024ರ ಏಪ್ರಿಲ್ 26ರಂದು ‘ನನ್‌ದಲೆಸ್’ ಹೆಸರಿನ ಹೊಸ ಆಲ್ಬಮ್ ಬಿಡುಗಡೆ ಮಾಡಿತು, ಅದರ ನಿರ್ಮಾಪಕ ಜೇಮ್ಸ್ ಫೋರ್ಡ್. (ಎಲೆಕ್ಟ್ರೋ-ಪಾಪ್ ಅಂದರೆ ಎಲೆಕ್ಟ್ರಾನಿಕ್ ವಾದ್ಯಗಳ ಮೇಲೆ ಕಟ್ಟಿದ ಪಾಪ್ ಸಂಗೀತ.) ಓದೋಕೆ ಸಲೀಸಾಗಿಯೇ ಇದೆ, ಅಲ್ವಾ? ಆದರೆ ಇದರಲ್ಲಿ ಎರಡು ಪದ ಸುಳ್ಳು ಹೇಳುತ್ತಿವೆ ಅಂತ ನನಗೆ ಗುಮಾನಿ. ಅಚ್ಚರಿ ಅಂದರೆ ಆ ಎರಡೂ ‘ಆಲ್ಬಮ್’, ‘ಪಾಪ್’ ಥರದ ಎರವಲು ಪದಗಳಲ್ಲ. ನಾವು ದಿನಾ ಬಳಸುವ ‘ಜೋಡಿ’ ಮತ್ತು ‘ನಿರ್ಮಾಪಕ’.

‘ಜೋಡಿ’ಯಿಂದಲೇ ಶುರು ಮಾಡುತ್ತೇನೆ. ನೀಲ್ ಟೆನೆಂಟ್ ಮತ್ತು ಕ್ರಿಸ್ ಲೋ ಅನ್ನೋ ಇಬ್ಬರು 1981ರಲ್ಲಿ ಲಂಡನ್ನಿನ ಕಿಂಗ್ಸ್ ರೋಡಿನ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಪರಿಚಯವಾದರು, ಆಮೇಲೆ ಸೇರಿ ಹಾಡು ಮಾಡಿದರು. ಇವರನ್ನು ಜೋಡಿ ಅಂದರೆ ಅಷ್ಟೇನೂ ತೊಂದರೆ ಇಲ್ಲ. ರಾಜನ್-ನಾಗೇಂದ್ರ ಜೋಡಿ ಅಂತ ನಾವು ಎಷ್ಟು ವರ್ಷದಿಂದ ಬರೆಯುತ್ತಿಲ್ಲ? ತೊಂದರೆ ಬರೋದು ಗಂಡು-ಹೆಣ್ಣು ಸೇರಿದ ತಂಡಗಳಲ್ಲಿ. ಯೂರಿತ್ಮಿಕ್ಸ್ ತಗೊಳ್ಳಿ. ಆನಿ ಲೆನಾಕ್ಸ್ ಮತ್ತು ಡೇವ್ ಸ್ಟುವರ್ಟ್ ಮೊದಲು ಪ್ರೇಮಿಗಳಾಗಿದ್ದವರು, ಆ ಸಂಬಂಧ ಮುಗಿದ ಮೇಲೂ ಸಂಗೀತ ಮಾತ್ರ ಬಿಡಲಿಲ್ಲ, 1980ರಲ್ಲಿ ಈ ತಂಡ ಕಟ್ಟಿದರು. ಅವರ ಬಗ್ಗೆ ‘ಈ ಜೋಡಿ ಜಗತ್ತನ್ನೇ ಗೆದ್ದಿತು’ ಅಂತ ಬರೆದರೆ ಓದುವವರಿಗೆ ಮೊದಲು ಕಾಣೋದು ಮದುವೆ ಮಂಟಪ. ವಿನ್ಸ್ ಕ್ಲಾರ್ಕ್ ಅನ್ನೋ ಸಂಗೀತಗಾರರ ಕಥೆ ಇನ್ನೂ ತಮಾಷೆ. ಡಿಪೆಷ್ ಮೋಡ್ ಅನ್ನೋ ತಂಡ ಬಿಟ್ಟು ಬಂದವರು ಆಲಿಸನ್ ಮೋಯೆ ಅನ್ನೋ ಗಾಯಕಿಯ ಜೊತೆ ಯಾಜೂ ಅಂತ ತಂಡ ಮಾಡಿ 1982ರಲ್ಲಿ ಒಂದು, 1983ರಲ್ಲಿ ಒಂದು ಆಲ್ಬಮ್ ತಂದು ಬೇರೆಯಾದರು, 1985ರಲ್ಲಿ ಆಂಡಿ ಬೆಲ್ ಅನ್ನೋ ಗಾಯಕರ ಜೊತೆ ಇರೇಶರ್ ಅನ್ನೋ ತಂಡ ಶುರು ಮಾಡಿದರು. ಇದನ್ನು ‘ಜೋಡಿ ಬದಲಿಸಿದರು’ ಅಂತ ಬರೆದು ನೋಡಿ. ಸಂಗೀತದ ಪುಟದಿಂದ ನೇರ ಗಾಸಿಪ್ ಪುಟಕ್ಕೆ ಹೋಗಿಬಿಡುತ್ತದೆ.

ಹಾಗಾದರೆ ‘ಯುಗಳ’? ನಮ್ಮ ಕಿವಿಗೆ ಯುಗಳ ಅಂದ ಕೂಡಲೇ ‘ಗೀತೆ’ ತಾನಾಗಿ ಅಂಟಿಕೊಳ್ಳುತ್ತದೆ, ಇಬ್ಬರು ಹಾಡುವ ಚಿತ್ರ ಬರುತ್ತದೆ. ಪೆಟ್ ಶಾಪ್ ಬಾಯ್ಸ್‌ನಲ್ಲಿ ಹಾಡೋದು ಹೆಚ್ಚುಕಡಿಮೆ ಒಬ್ಬರೇ. ಟೆನೆಂಟ್ ಮುಂದೆ ನಿಂತು ಹಾಡುತ್ತಾರೆ. ಲೋ ಹಿಂದೆ ಕೀಬೋರ್ಡ್ ಹತ್ತಿರ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಅಲುಗಾಡದೆ ನಿಂತಿರುತ್ತಾರೆ, ಮುಖದಲ್ಲಿ ನಗುವೂ ಇಲ್ಲ. ಆ ನಿಲುವೇ ಅವರ ಗುರುತು. ‘ಜುಗಲ್ಬಂದಿ’ಯಂತೂ ಬೇಡವೇ ಬೇಡ. ಅದು ಸಂಗೀತ ಕಚೇರಿಯ ಒಂದು ರೀತಿ, ಕಾಯಂ ತಂಡದ ಹೆಸರಲ್ಲ. ‘ದ್ವಯ’ ಅನ್ನಬಹುದು, ಆದರೆ ಅದು ಗಂಜಿ ಹಾಕಿ ಇಸ್ತ್ರಿ ಮಾಡಿದ ಪದ. ಮೇಲಾಗಿ ಪತ್ರಿಕೆಗಳಲ್ಲಿ ಅದು ‘ದ್ವಯರು’ ಆಗಿಬಿಟ್ಟಿದೆ. ದ್ವಯ ಅಂದರೇ ಇಬ್ಬರು, ಅದಕ್ಕೆ ಮತ್ತೆ ‘ರು’ ಹಚ್ಚಿ ಎಷ್ಟು ಜನ ಮಾಡೋಣ?

ನನಗನ್ನಿಸೋದು, ಕನ್ನಡದಲ್ಲಿ ಇದಕ್ಕೆ ಪದ ಹುಡುಕೋದೇ ಬೇಡ. ಮನುಷ್ಯರನ್ನು ಎಣಿಸೋಕೆ ನಮ್ಮಲ್ಲಿ ಬೇರೆಯದೇ ಲೆಕ್ಕ ಇದೆ: ಒಬ್ಬರು, ಇಬ್ಬರು, ಮೂವರು. ‘ಇಬ್ಬರ ತಂಡ’ ಅಂದರೆ ಮುಗಿಯಿತು. ಪ್ರೇಮವೂ ಇಲ್ಲ, ಮಂಟಪವೂ ಇಲ್ಲ. ನಾಳೆ ಮೂರನೆಯವರು ಸೇರಿದರೆ ‘ಮೂವರ ತಂಡ’ ಅಂತ ಸಲೀಸಾಗಿ ಬೆಳೆಯುತ್ತದೆ. ಕ್ರಿಯಾಪದದ ಗೊಂದಲವೂ ಬಗೆಹರಿಯುತ್ತದೆ. ‘ತಂಡ ಬಿಡುಗಡೆ ಮಾಡಿತು’ ಅನ್ನೋಕೆ ಯಾರೂ ಹಿಂಜರಿಯೋದಿಲ್ಲ, ಆದರೆ ‘ಜೋಡಿ’ ಬರೆದ ಕೂಡಲೇ ‘ಮಾಡಿತು’ ಅನ್ನೋದೋ ‘ಮಾಡಿದರು’ ಅನ್ನೋದೋ ಅಂತ ಕೈ ತಡೆಯುತ್ತದೆ. ಹೆಸರು ಹಿಡಿದು ಟೆನೆಂಟ್ ಮತ್ತು ಲೋ ಅಂತ ಬರೆದಾಗ ‘ಮಾಡಿದರು’, ತಂಡ ಅಂದಾಗ ‘ಮಾಡಿತು’. ನಾನು ಈ ಪದ್ಧತಿ ಇಟ್ಟುಕೊಂಡಿದ್ದೇನೆ. ಬೇರೆ ಅಭಿಪ್ರಾಯ ಇದ್ದರೆ ಹೇಳಿ.

‘ಎಲೆಕ್ಟ್ರೋ-ಪಾಪ್’ ಬಗ್ಗೆ ಜಾಸ್ತಿ ಹೇಳೋದಿಲ್ಲ. ‘ವಿದ್ಯುನ್ಮಾನ ಪಾಪ್’ ಅಂದರೆ ಮತಯಂತ್ರದ ನೆನಪಾಗುತ್ತದೆ. ಎಲೆಕ್ಟ್ರಾನಿಕ್ ಆಗಿ ದನಿ ಹುಟ್ಟಿಸುವ ವಾದ್ಯವಾದ ಸಿಂತಸೈಜರ್‌ಗೆ ‘ಸಂಶ್ಲೇಷಕ’ ಅಂದರೆ ಏಳನೇ ಕ್ಲಾಸಿನ ವಿಜ್ಞಾನ ಪುಸ್ತಕದ ಹಸಿರೆಲೆ, ದ್ಯುತಿಸಂಶ್ಲೇಷಣೆ. ಎರಡನ್ನೂ ಹಾಗೇ ಇಟ್ಟುಬಿಡೋಣ.

ಆಲ್ಬಮ್ ವಿಷಯ ಸ್ವಲ್ಪ ಉದ್ದ ಇದೆ, ಯಾಕೆಂದರೆ ಹಿರಿಯರೊಬ್ಬರು ‘ಧ್ವನಿಸುರುಳಿ ಅಂತ ಒಳ್ಳೇ ಪದ ಇರುವಾಗ ಆಲ್ಬಮ್ ಯಾಕೆ’ ಅಂತ ನನ್ನನ್ನು ಕೇಳಿದ್ದಾರೆ. ಅವರ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಲ್ಯಾಟಿನ್‌ನಲ್ಲಿ ‘ಆಲ್ಬಸ್’ ಅಂದರೆ ಬಿಳಿ. ರೋಮಿನಲ್ಲಿ ಸಾರ್ವಜನಿಕ ಪ್ರಕಟಣೆ ಬರೆದು ಹಾಕುತ್ತಿದ್ದ ಬಿಳಿ ಹಲಗೆಯೇ ಆಲ್ಬಮ್. ಆಮೇಲೆ ಅದು ಖಾಲಿ ಹಾಳೆಗಳ ಪುಸ್ತಕವಾಯಿತು, ಫೋಟೋ ಅಂಟಿಸುವ ಪುಸ್ತಕವಾಯಿತು. ಹಾಡಿಗೆ ಬಂದದ್ದು ಹೇಗೆ ಅಂದರೆ, ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಮೂರರಿಂದ ಐದು ನಿಮಿಷದಷ್ಟು ಸಂಗೀತ ಮಾತ್ರ ಹಿಡಿಸುತ್ತಿತ್ತು. ದೊಡ್ಡ ಕೃತಿಗೆ ನಾಲ್ಕೈದು ತಟ್ಟೆ ಬೇಕು. ಅವನ್ನು ದಪ್ಪ ರಟ್ಟಿನ ಪುಸ್ತಕದ ಒಳಗೆ ಒಂದೊಂದು ಹಾಳೆಗೆ ಒಂದೊಂದು ತಟ್ಟೆಯಂತೆ ಇಟ್ಟು ಮಾರುತ್ತಿದ್ದರು. ನೋಡೋಕೆ ಥೇಟ್ ಫೋಟೋ ಆಲ್ಬಮ್, ಹೆಸರೂ ಅದೇ. 1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿ, ಅಂದರೆ ಹೆಚ್ಚು ಹೊತ್ತು ನುಡಿಯುವ ‘ಲಾಂಗ್ ಪ್ಲೇ’ ತಟ್ಟೆ, ತಂದಾಗ ಒಂದೇ ತಟ್ಟೆಯಲ್ಲಿ ಎಲ್ಲಾ ಹಿಡಿಸಿತು. ಪುಸ್ತಕ ಹೋಯಿತು, ಹೆಸರು ಉಳಿಯಿತು. ಕ್ಯಾಸೆಟ್, ಸಿಡಿ, ಈಗ ಫೋನಿನಲ್ಲಿ ಹರಿದು ಬರುವ ಹಾಡು, ಏನೇ ಬಂದರೂ ಹೆಸರು ಮಾತ್ರ ಅಲುಗಾಡಲಿಲ್ಲ.

ನಾವು ಮಾಡಿದ್ದು ತದ್ವಿರುದ್ಧ. ವಸ್ತು ಬದಲಾದಾಗೆಲ್ಲ ಹೊಸ ಪದ ಕಟ್ಟಿದೆವು: ತಟ್ಟೆಗೆ ಧ್ವನಿಮುದ್ರಿಕೆ, ಕ್ಯಾಸೆಟ್ಟಿಗೆ ಧ್ವನಿಸುರುಳಿ, ಸಿಡಿಗೆ ಸಾಂದ್ರಿಕೆ, ಅಡಕಮುದ್ರಿಕೆ. ಹಾಗಿದ್ದೂ ಸಿನಿಮಾ ಪುಟಗಳಲ್ಲಿ ಕ್ಯಾಸೆಟ್ ಕಣ್ಮರೆಯಾದ ಎಷ್ಟೋ ಕಾಲದವರೆಗೆ ‘ಧ್ವನಿಸುರುಳಿ ಬಿಡುಗಡೆ’ ನಡೆದೇ ಇತ್ತು, ಸುರುಳಿಯೇ ಇಲ್ಲದ ಧ್ವನಿಸುರುಳಿ. ಹಿರಿಯರು ಹೇಳೋದು ಇದನ್ನೇ: ಆಲ್ಬಮ್ ತನ್ನ ಬಿಳಿ ಹಲಗೆಯನ್ನು ಮರೆಯಬಹುದಾದರೆ ಧ್ವನಿಸುರುಳಿ ತನ್ನ ಸುರುಳಿಯನ್ನು ಯಾಕೆ ಮರೆಯಬಾರದು?

ಮರೆಯಬಹುದಿತ್ತು. ಆದರೆ ಎಲ್‌ಪಿ ಮತ್ತೆ ಬಂದಿದೆ, ಅದರ ಹಿಂದೆಯೇ ಕ್ಯಾಸೆಟ್ ಕೂಡ ಬಂದಿದೆ. ಈಗ ಅನೇಕ ಪಾಪ್ ತಂಡಗಳು ಒಂದೇ ಆಲ್ಬಮ್ಮನ್ನು ಎಲ್‌ಪಿ, ಸಿಡಿ, ಕ್ಯಾಸೆಟ್ ಮೂರರಲ್ಲೂ ತರುತ್ತವೆ. ಆಗ ನಾವು ‘ಧ್ವನಿಸುರುಳಿಯ ಧ್ವನಿಸುರುಳಿ ಆವೃತ್ತಿ’ ಅಂತ ಬರೆಯಬೇಕಾಗುತ್ತದೆ. ‘ಸಂಕಲನ’ ಅನ್ನೋಣ ಅಂದರೆ ಅದಕ್ಕೆ ಬೇರೆ ಕೆಲಸ ಇದೆ. ಇದೇ ಪೆಟ್ ಶಾಪ್ ಬಾಯ್ಸ್ 2023ರಲ್ಲಿ ತಮ್ಮ ಹಳೆಯ ಸಿಂಗಲ್‌ಗಳನ್ನೆಲ್ಲ, ಅಂದರೆ ಒಂದೊಂದಾಗಿ ಬಿಡುಗಡೆ ಮಾಡಿದ್ದ ಹಾಡುಗಳನ್ನೆಲ್ಲ, ಒಟ್ಟು ಸೇರಿಸಿ ‘ಸ್ಮ್ಯಾಶ್’ ಅಂತ ತಂದರು. ಅದು ಸಂಕಲನ. ಮರುವರ್ಷದ ಹತ್ತು ಹೊಸ ಹಾಡುಗಳದ್ದು ಆಲ್ಬಮ್, ಅವರ ಹದಿನೈದನೇ ಸ್ಟುಡಿಯೋ ಆಲ್ಬಮ್. ಈ ಎರಡರ ವ್ಯತ್ಯಾಸ ಕಳೆದುಕೊಳ್ಳಬಾರದು. ‘ಹಾಡುಗಟ್ಟು’ ಅಂತ ಯಾರೋ ಸೂಚಿಸಿದ್ದರು, ಇಷ್ಟವೂ ಆಯಿತು, ಆದರೆ ಕೇಳಿದರೆ ಯಾರಿಗೋ ‘ಹಾಡು ಕಟ್ಟು’ ಅಂತ ಆಜ್ಞೆ ಕೊಟ್ಟಂತಿದೆ. ಹಾಗಾಗಿ ನನ್ನ ಮತ ಆಲ್ಬಮ್‌ಗೇ. ಬರೆಯುವಾಗ ‘ಆಲ್ಬಂನಲ್ಲಿ’ ಅನ್ನೋದಕ್ಕಿಂತ ‘ಆಲ್ಬಮ್ಮಿನಲ್ಲಿ’ ನನಗೆ ಹೆಚ್ಚು ಕನ್ನಡ ಅನ್ನಿಸುತ್ತದೆ, ಬಾಯಲ್ಲಿ ಹಾಗೇ ತಾನೇ ಅನ್ನೋದು.

‘ಸಿಂಗಲ್’ಗೆ ಮಾತ್ರ ‘ಬಿಡಿ ಹಾಡು’ ಚೆನ್ನಾಗಿ ಒಪ್ಪುತ್ತದೆ. ಆಲ್ಬಮ್ಮಿಗೆ ಮುಂಚೆ ಒಂದೊಂದೇ ಹಾಡು ಬಿಡೋದು ಅಂದರೆ ಬಿಡಿಬಿಡಿಯಾಗಿ ಬಿಡೋದೇ. ಬಿಡುಗಡೆಗೆ ‘ಲೋಕಾರ್ಪಣೆ’ ಪುಸ್ತಕದವರಿಗಿರಲಿ. ಆದರೆ ಹೊಸಬರ ‘ಆಲ್ಬಮ್ ಡ್ರಾಪ್ ಆಯ್ತು’ ಮಾತ್ರ ದಯವಿಟ್ಟು ಬೇಡ. ನಮ್ಮಲ್ಲಿ ಕಾರ್ಯಕ್ರಮ ಡ್ರಾಪ್ ಆಯ್ತು ಅಂದರೆ ಅದು ನಡೆಯೋದಿಲ್ಲ ಅಂತ ಅರ್ಥ! ಅಂದಹಾಗೆ ಇವರ 2002ರ ಆಲ್ಬಮ್ಮಿನ ಹೆಸರೇ ‘ರಿಲೀಸ್’. ಅದರ ಬಿಡುಗಡೆಯ ಸುದ್ದಿ ಬರೆಯುವ ಕೆಲಸ ನನಗೆ ಬರಲಿಲ್ಲವಲ್ಲ ಅಂತ ಸಮಾಧಾನ. ಇವರ ಸ್ಟುಡಿಯೋ ಆಲ್ಬಮ್ಮುಗಳ ಹೆಸರೆಲ್ಲ ಒಂದೊಂದೇ ಪದ. ಮೊದಲನೆಯದು, 1986ರದ್ದು, ‘ಪ್ಲೀಸ್’. ಅಂಗಡಿಯಲ್ಲಿ ಕೇಳುವಾಗ ಜನ ‘ಪ್ಲೀಸ್’ ಸೇರಿಸಿಯೇ ಕೇಳಲಿ ಅನ್ನೋ ತಮಾಷೆ ಅದರಲ್ಲಿದೆ. ಈ ತಮಾಷೆ ಕನ್ನಡಕ್ಕೆ ದಾಟೋದಿಲ್ಲ, ನಮ್ಮ ವಿನಯ ‘ಕೊಡಿ’ಯ ‘ಇ’ಕಾರದಲ್ಲೇ ಮುಗಿದುಹೋಗುತ್ತದೆ. ಹಾಗಾಗಿ ಹೆಸರುಗಳನ್ನು ಅನುವಾದಿಸದೆ, ಬೇಕಾದ ಕಡೆ ‘ಆದರೂ ಅನ್ನೋ ಅರ್ಥದ ನನ್‌ದಲೆಸ್’ ಅಂತ ಒಂದು ಸಲ ಬಿಡಿಸಿ ಹೇಳಿ ಮುಂದೆ ಹೋಗುತ್ತಿದ್ದೇನೆ.

ಈಗ ನಿಜವಾದ ಪ್ರಶ್ನೆ. ‘ನಿರ್ಮಾಪಕ’.

ಸಿನಿಮಾದಿಂದಾಗಿ ಕನ್ನಡದಲ್ಲಿ ನಿರ್ಮಾಪಕ ಅಂದರೆ ದುಡ್ಡು ಹಾಕುವವರು. ‘ಆಲ್ಬಮ್ಮಿನ ನಿರ್ಮಾಪಕ ಜೇಮ್ಸ್ ಫೋರ್ಡ್’ ಅಂತ ಓದಿದವರು ಫೋರ್ಡ್ ಅವರೇ ಖರ್ಚು ಕೊಟ್ಟರು ಅಂತಲೇ ತಿಳಿಯುತ್ತಾರೆ. ಖರ್ಚು ನೋಡಿಕೊಳ್ಳೋದು ಸಾಮಾನ್ಯವಾಗಿ ಸಂಗೀತ ಕಂಪನಿ, ಈ ಆಲ್ಬಮ್ಮಿಗೆ ಪಾರ್ಲೊಫೋನ್. ಪಾಪ್ ಸಂಗೀತದ ಪ್ರೊಡ್ಯೂಸರ್ ಸ್ಟುಡಿಯೋದಲ್ಲಿ ಕೂತು, ಹಾಡು ಎಷ್ಟು ವೇಗ ಇರಬೇಕು, ಯಾವ ಸಿಂತಸೈಜರ್‌ನ ಯಾವ ದನಿ ಎಲ್ಲಿ ಬರಬೇಕು, ಹಾಡಿದ ಹತ್ತು ಸಲದಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಮುಖ್ಯವಾಗಿ ಏನನ್ನು ತೆಗೆದು ಬಿಸಾಕಬೇಕು ಅಂತ ತೀರ್ಮಾನಿಸುವವರು. ಕೇಳುವವರಿಗೆ ಇದು ಚಿಲ್ಲರೆ ವಿಷಯ ಅಲ್ಲ. 2013, 2016, 2020ರ ಮೂರು ಆಲ್ಬಮ್ಮುಗಳಿಗೆ ಸ್ಟುವರ್ಟ್ ಪ್ರೈಸ್ ಪ್ರೊಡ್ಯೂಸರ್ ಆಗಿದ್ದರು, ಅವುಗಳಲ್ಲಿ ಕುಣಿತದ ಬೀಟ್ ಮುಂದಿದೆ. ಫೋರ್ಡ್ ಬಂದ ಮೇಲೆ ವಾದ್ಯವೃಂದದ ತಂತಿವಾದ್ಯಗಳು ಮುಂದಕ್ಕೆ ಬಂದವು. ಫೋರ್ಡ್ ಸ್ವತಃ ಸಿಮಿಯನ್ ಮೊಬೈಲ್ ಡಿಸ್ಕೊ ಅನ್ನೋ ಇನ್ನೊಂದು ಇಬ್ಬರ ತಂಡದವರು.

ಎಲೆಕ್ಟ್ರೋ-ಪಾಪ್‌ನಲ್ಲಿ ಇದು ಇನ್ನೂ ಸೂಕ್ಷ್ಮ, ಯಾಕೆಂದರೆ ಅಲ್ಲಿ ‘ನುಡಿಸೋದು’ ಯಾವುದು, ‘ಮಾಡೋದು’ ಯಾವುದು ಅನ್ನೋದೇ ಕಲಸಿಹೋಗಿದೆ. ರೋಲಂಡ್ ಕಂಪನಿಯ ಟಿಆರ್-808 ಅನ್ನೋ 1980ರ ಡ್ರಮ್ ಯಂತ್ರ ನೋಡಿ. ಕೆಳಗಡೆ ಸಾಲಾಗಿ 16 ಗುಂಡಿ: ನಾಲ್ಕು ಕೆಂಪು, ನಾಲ್ಕು ಕಿತ್ತಳೆ, ನಾಲ್ಕು ಹಳದಿ, ನಾಲ್ಕು ಬಿಳಿ. ಒಂದು ಆವರ್ತವನ್ನು ಹದಿನಾರು ಪಾಲು ಮಾಡಿ, ಯಾವ ಪಾಲಿನಲ್ಲಿ ಪೆಟ್ಟು ಬೀಳಬೇಕೋ ಆ ಗುಂಡಿ ಒತ್ತಿ ಬಿಟ್ಟರೆ ಯಂತ್ರ ತಾನೇ ಸುತ್ತು ಹೊಡೆಯುತ್ತಿರುತ್ತದೆ. ಇಲ್ಲಿ ಯಾರೂ ಡ್ರಮ್ ಬಾರಿಸಲಿಲ್ಲ. ನುಡಿಸಲೂ ಇಲ್ಲ. ಕನ್ನಡದಲ್ಲಿ ವೀಣೆ ನುಡಿಸುತ್ತೇವೆ, ಕೊಳಲು ಊದುತ್ತೇವೆ, ತಮಟೆ ಬಡಿಯುತ್ತೇವೆ, ಮದ್ದಳೆ ಬಾರಿಸುತ್ತೇವೆ, ಒಂದೊಂದು ವಾದ್ಯಕ್ಕೆ ಒಂದೊಂದು ಕ್ರಿಯಾಪದ. ಈ ಯಂತ್ರಕ್ಕೆ ಯಾವುದು? ನನಗೆ ತೋಚಿದ್ದು ‘ಕೂರಿಸು’. ‘ತಾಳ ಕೂರಿಸಿದರು’ ಅಂದರೆ ಒಂದೊಂದು ಪೆಟ್ಟನ್ನೂ ಅದರದರ ಜಾಗದಲ್ಲಿ ಇಟ್ಟ ಕೆಲಸ ಕಣ್ಣಿಗೆ ಕಟ್ಟುತ್ತದೆ. ‘ಪ್ರೋಗ್ರಾಮ್ ಮಾಡಿದರು’ ಅನ್ನೋದಕ್ಕಿಂತ ಎಷ್ಟೋ ಮೇಲು.

ಇದೇ ಥರ ಪ್ರೊಡ್ಯೂಸರ್‌ಗೂ ಒಂದು ಸಿಗಬೇಕು. ‘ಸಂಗೀತ ನಿರ್ದೇಶಕ’ ಆಗೋದಿಲ್ಲ, ನಮ್ಮಲ್ಲಿ ಅವರು ಟ್ಯೂನ್ ಹಾಕುವವರು. ಇಲ್ಲಿ ಟ್ಯೂನ್ ಹಾಕಿದ್ದು ತಂಡದ ಇಬ್ಬರೇ. ‘ಧ್ವನಿ ವಿನ್ಯಾಸ’ವನ್ನೂ ಸಿನಿಮಾದವರು ಬಾಗಿಲ ಸದ್ದು, ಮಳೆ ಸದ್ದಿಗೆ ತಗೊಂಡಿದ್ದಾರೆ. ‘ವಾದ್ಯ ಸಂಯೋಜನೆ’ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಗಾಯಕರನ್ನು ಹಾಡಿಸೋದು, ಬೇಡದ್ದನ್ನು ಕತ್ತರಿಸೋದು ಬರೋದಿಲ್ಲ. ಸದ್ಯಕ್ಕೆ ನಾನು ‘ಈ ಸಲ ಸ್ಟುಡಿಯೋದಲ್ಲಿ ಆಲ್ಬಮ್ಮಿಗೆ ರೂಪ ಕೊಟ್ಟವರು ಜೇಮ್ಸ್ ಫೋರ್ಡ್’ ಅಂತ ಬರೆದಿಟ್ಟಿದ್ದೇನೆ. ವಾಕ್ಯಕ್ಕೆ ಸರಿ. ಆದರೆ ಹೆಸರಿನ ಮುಂದೆ ಹಾಕೋಕೆ, ಪಟ್ಟಿಯಲ್ಲಿ ಬರೆಯೋಕೆ ಒಂದೇ ಪದ ಬೇಕು.

ನಿಮ್ಮಲ್ಲಿ ಯಾರ ಹತ್ತಿರವಾದರೂ ಹಳೆಯ ಭಾವಗೀತೆ ಅಥವಾ ಜನಪದ ಗೀತೆ ಕ್ಯಾಸೆಟ್‌ಗಳಿದ್ದರೆ ಒಳಗಿನ ಕಾಗದ ಬಿಡಿಸಿ ನೋಡ್ತೀರಾ? ಸಾಹಿತ್ಯ, ರಾಗ ಸಂಯೋಜನೆ, ಗಾಯನ ಬಿಟ್ಟು ಮಿಕ್ಕ ಕೆಲಸಗಳಿಗೆ ಏನೇನು ಹೆಸರು ಹಾಕಿದ್ದಾರೆ ಅಂತ ಇದ್ದ ಹಾಗೇ ಬರೆದು ಕಳಿಸಿ. ಸ್ಟುಡಿಯೋಗಳಲ್ಲಿ ಕೆಲಸ ಮಾಡುವವರು ತಮ್ಮತಮ್ಮಲ್ಲಿ ಮಾತಾಡುವಾಗ ಈ ವ್ಯಕ್ತಿಯನ್ನು ಏನಂತ ಕರೆಯುತ್ತಾರೆ ಅನ್ನೋದು ಗೊತ್ತಿದ್ದರೆ ಇನ್ನೂ ಒಳ್ಳೆಯದು. ಅವರೂ ‘ಪ್ರೊಡ್ಯೂಸರ್’ ಅಂತಲೇ ಅಂದರೆ ನಾನೂ ಅದನ್ನೇ ಬರೆಯುತ್ತೇನೆ, ನಿರ್ಮಾಪಕ ಅಂತೂ ಬರೆಯೋದಿಲ್ಲ.