ಅಜ್ಜಿ ಊರಿಗೆ ಹೋದ್ರು, 10 ತಿಂಗಳ ಮಗು ರಾತ್ರಿ ಮಲಗ್ತಿಲ್ಲ – ಏನು ಮಾಡೋದು?

ಎಡಿಸನ್ ಹೊಸ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳಿಗೆ 10 ತಿಂಗಳು. ನಮ್ಮಮ್ಮ ಇಲ್ಲಿದ್ದಷ್ಟು ದಿನ ಕಾಲ ಮೇಲೆ ಹಾಕ್ಕೊಂಡು ತಟ್ಟಿ ಮಲಗಿಸ್ತಿದ್ರು. ವೀಸಾ ಅವಧಿ ಮುಗೀತು, ಹೊರಟ್ರು. ಈಗ ಕ್ರಿಬ್‌ಗೆ ಹಾಕಿದ ತಕ್ಷಣ ಕಂಬಿ ಹಿಡಿದು ಎದ್ದು ನಿಲ್ತಾಳೆ. ಮಲಗಿದ್ರೂ ಗಂಟೆಗೊಂದು ಸಲ ಎಚ್ಚರ, ಎದೆಹಾಲು ಕೊಟ್ರೇ ಸುಮ್ಮನಾಗೋದು. ಮುಂದಿನ ತಿಂಗಳು ಡೇಕೇರ್. ಎರಡೇ ಪ್ರಶ್ನೆ: ತಾನಾಗಿ ಮಲಗೋದನ್ನ ಹೇಗೆ ಕಲಿಸೋದು? ರಾತ್ರಿ ಹಾಲು ಎಷ್ಟು ಸಲ ಕೊಡಬೇಕು?

ಸಿಯಾಟಲ್ ಶಾರದಕ್ಕ:
ಗಂಟೆಗೊಂದು ಸಲ ಏಳೋದು ಹಸಿವಿಗಲ್ಲ. ಈ ವಯಸ್ಸಲ್ಲಿ ನಿದ್ದೆಯ ಒಂದು ಸುತ್ತು ಸುಮಾರು 50-60 ನಿಮಿಷ. ಸುತ್ತು ಮುಗಿದಾಗ ಎಲ್ಲ ಮಕ್ಕಳಿಗೂ ಅರೆ ಎಚ್ಚರ ಆಗತ್ತೆ. ಮಲಗುವಾಗ ಇದ್ದ ಕಾಲು, ತಟ್ಟೋ ಕೈ, ಎದೆ ಆಗ ಕಾಣದಿದ್ರೆ ಅದನ್ನೇ ಕೇಳಿ ಅಳ್ತಾವೆ. ಹಾಗಾಗಿ ಸರಿಮಾಡ್ಬೇಕಾದ್ದು ರಾತ್ರಿ ಎರಡು ಗಂಟೆಯನ್ನಲ್ಲ, ಸಂಜೆ ಏಳೂವರೆಯನ್ನ.

ಹಗಲು ಎರಡೇ ನಿದ್ದೆ, ಎರಡೂ ಸೇರಿ ಎರಡೂವರೆ-ಮೂರು ಗಂಟೆ. ಎರಡನೇದು ಮೂರೂವರೆ ಒಳಗೆ ಮುಗೀಲಿ. ಅಲ್ಲಿಂದ ಮೂರೂವರೆ-ನಾಲ್ಕು ಗಂಟೆ ಎಚ್ಚರ ಇದ್ರೆ ಏಳು-ಏಳೂವರೆಗೆ ಮೈ ತಾನೇ ನಿದ್ದೆ ಕೇಳತ್ತೆ. ಸ್ನಾನ, ಆಮೇಲೆ ಲೈಟ್ ಇರೋವಾಗಲೇ ಹಾಲು, ಹಲ್ಲುಜ್ಜಿ, ಒಂದೇ ಹಾಡು, ಕ್ರಿಬ್. ಹಾಲಿಗೂ ಕ್ರಿಬ್‌ಗೂ ನಡುವೆ 20 ನಿಮಿಷ ಬಿಡಿ, ಎದೆಯಲ್ಲೇ ಕಣ್ಣು ಮುಚ್ಚಿದ್ರೆ ಕಲಿಸೋಕೆ ಏನೂ ಉಳಿಯಲ್ಲ. ಎಚ್ಚರ ಇರುವಾಗಲೇ ಮಲಗಿಸಿ, ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತು ತಟ್ಟಿ. ಮೂರು ರಾತ್ರಿ ಆದ್ಮೇಲೆ ತಟ್ಟೋದು ಬಿಟ್ಟು ಬರೀ ಕೂತಿರಿ. ಇನ್ನು ಮೂರು ರಾತ್ರಿಗೆ ಕುರ್ಚಿ ಕೋಣೆ ಮಧ್ಯಕ್ಕೆ, ಆಮೇಲೆ ಬಾಗಿಲ ಹತ್ರ, ಆಮೇಲೆ ಹೊರಗೆ. ಎರಡು ವಾರ ಇಟ್ಕೊಳ್ಳಿ.

ಕೆಡೋದು ಎಲ್ಲಿ ಅಂದ್ರೆ, ನಾಲ್ಕನೇ ಐದನೇ ರಾತ್ರಿ ಅಳು ಕಡಿಮೆ ಆಗೋ ಬದಲು ಜೋರಾಗಬಹುದು. ಅವತ್ತು ಸೋತು ಎತ್ಕೊಂಡ್ರೆ, ಇಷ್ಟು ಹೊತ್ತು ಅತ್ತರೆ ಎತ್ಕೊಳ್ತಾರೆ ಅನ್ನೋದೇ ಅದಕ್ಕೆ ಪಾಠ. ನಿಂತ್ಕೊಂಡ್ರೆ ಒಂದೆರಡು ಸಲ ಮಲಗಿಸಿ ಬಿಟ್ಬಿಡಿ, ಇಲ್ಲಾಂದ್ರೆ ಅದೇ ಆಟ ಆಗತ್ತೆ. ನಿಂತಲ್ಲಿಂದ ಕೂರೋ ಅಭ್ಯಾಸ ಹಗಲು ಮಾಡಿಸಿ. ಜ್ವರ ಇದ್ರೆ, ಡೇಕೇರ್ ಶುರುವಾದ ವಾರ ಆದ್ರೆ ಆರಂಭಿಸಬೇಡಿ.

ಡಲ್ಲಾಸ್ ಗೌಡ್ರು:
ಟ್ರೈನಿಂಗ್ ಅಂತೆ! ನಾಯಿಮರೀನಾ ಅದು? ಒಂದು ಕೂಸನ್ನ ಕಂಬಿ ಒಳಗೆ ಹಾಕಿ ಅಳಿಸೋದು ಈ ದೇಶದೋರಿಂದ ಕಲ್ತಿದ್ದು ಕಣ್ರೀ. ನಮ್ಮೂರಲ್ಲಿ ಸಾಲಾಗಿ ಹಾಸಿಗೆ ಹಾಸಿ ಎಲ್ಲಾ ಒಟ್ಟಿಗೆ ಮಲಗ್ತಿರ್ಲಿಲ್ವಾ? ಕ್ರಿಬ್ ಮಾರಿ, ನೆಲಕ್ಕೆ ಹಾಸಿಗೆ ಹಾಕಿ, ಪಕ್ಕದಲ್ಲಿ ಮಲಗಿಸ್ಕೊಳ್ಳಿ. ಎಂಟು ಗಂಟೆಗೆ ಗಟ್ಟಿಯಾಗಿ ರಾಗಿ ಸರಿ ತಿನ್ನಿಸಿ. ನಮ್ಮ ಎರಡು ಮಕ್ಕಳಿಗೂ ಯಾವ ಕುರ್ಚಿನೂ ಬೇಕಾಗ್ಲಿಲ್ಲ.

ಧಾರವಾಡ ಟು ಟೊರಾಂಟೊ:
ಗೌಡ್ರು ಹೇಳಿದ್ದು ಖರೇ ಅದ. ಒಂದು ಹಳೇ ಸೀರಿ ತಗೊಂಡು ಜೋಳಿಗಿ ಕಟ್ರಿ, ಹತ್ತು ನಿಮಿಷದಾಗ ಮಲಗತದ. ಮ್ಯಾಲೆ ಒಂದು ಕೌದಿ ಹೊಚ್ರಿ.

ಲೆಸ್ಟರ್ ನರ್ಸಮ್ಮ, ಮೂಲ ಮಂಗಳೂರು:
ಕೌದಿ ಬೇಡ ಮಾರಾಯ್ರೇ. ವರ್ಷ ತುಂಬುವವರೆಗೆ ತಲೆದಿಂಬು, ಹೊದಿಕೆ, ಗೊಂಬೆ, ಕ್ರಿಬ್ ಸುತ್ತ ಕಟ್ಟುವ ದಪ್ಪ ಬಟ್ಟೆ ಯಾವುದೂ ಬೇಡ. ಬೆನ್ನ ಮೇಲೆ ಮಲಗಿಸಿ. ತಾನೇ ಎರಡೂ ಕಡೆಗೆ ಮಗುಚಿಕೊಳ್ಳುವ ಮಗುವಾದರೆ ಮತ್ತೆ ತಿರುಗಿಸುತ್ತಾ ಕೂರುವ ಅಗತ್ಯ ಇಲ್ಲ. ಚಳಿಗೆ ಮಗುವಿಗೆ ತೊಡಿಸುವ ಸ್ಲೀಪಿಂಗ್ ಬ್ಯಾಗ್ ಉಂಟಲ್ಲ. ಕೋಣೆ 16-20 ಡಿಗ್ರಿ ಸೆಲ್ಸಿಯಸ್ ಇದ್ದರೆ 2.5 ಟಾಗ್‌ನದ್ದು ಸಾಕು (ಟಾಗ್ ಅಂದರೆ ಬಟ್ಟೆ ಎಷ್ಟು ಬೆಚ್ಚಗಿಡುತ್ತದೆ ಎಂಬ ಅಳತೆ). ಕೈ ತಣ್ಣಗಿದೆ ಅಂತ ಇನ್ನೊಂದು ಸ್ವೆಟರ್ ಹಾಕಬೇಡಿ, ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಒಂದು ಬಟ್ಟೆ ತೆಗೆಯಿರಿ.

ಜೋಳಿಗೆಯಲ್ಲಿ ಮಗು ಬಾಗಿ, ಗದ್ದ ಎದೆಗೆ ತಾಗಿ ಉಸಿರಿಗೆ ಅಡ್ಡಿ ಆಗಬಹುದು. 10 ತಿಂಗಳದ್ದು ಎದ್ದು ಕೂತರೆ ಬೀಳುವುದೇ. ಇಲ್ಲಿನ ಜಿಪ್ಸಮ್ ಸೀಲಿಂಗಿಗೆ ಕೊಕ್ಕೆ ಹಾಕಿದರೆ ಅದೂ ಕಿತ್ತು ಬರ್ತದೆ.

ಊರಲ್ಲಿ ಸಾಲಾಗಿ ಮಲಗುತ್ತಿದ್ದದ್ದು ಗಟ್ಟಿ ನೆಲದ ಚಾಪೆ ಮೇಲೆ. ಇಲ್ಲಿನ ಮೆಮೊರಿ ಫೋಮ್, ಮೊಣಕಾಲುದ್ದ ಮುಳುಗುವ ಡೂವೆ (ದಪ್ಪ ಮೆತ್ತನೆ ಹೊದಿಕೆ) ಬೇರೆ ಲೆಕ್ಕ. ಒಂದೇ ಕೋಣೆಯಲ್ಲಿ ಮಲಗಿ, ಅದು ಒಳ್ಳೆಯದೇ. ಸೋಫಾದಲ್ಲಿ ಮಗುವನ್ನು ಎದೆ ಮೇಲೆ ಹಾಕಿಕೊಂಡು ನಿದ್ದೆ ಹೋಗುವುದು ಎಲ್ಲಕ್ಕಿಂತ ಅಪಾಯ.

ಡಲ್ಲಾಸ್ ಗೌಡ್ರು:
ಡಿಗ್ರಿ, ಟಾಗು, ಲೆಕ್ಕ. ಮಗು ಸಾಕ್ತಿದೀರೋ ಫ್ಯಾಕ್ಟರಿ ನಡೆಸ್ತಿದೀರೋ? ಹೀಗೆ ಒಂಟಿಯಾಗಿ ಮಲಗಿಸಿದ ಮಕ್ಕಳೇ ನಾಳೆ ಅಪ್ಪ-ಅಮ್ಮನ್ನ ಓಲ್ಡ್ ಏಜ್ ಹೋಮ್‌ಗೆ ಹಾಕೋದು.

ಸಿಯಾಟಲ್ ಶಾರದಕ್ಕ:
ಗೌಡ್ರೇ, ಕುರ್ಚಿ ಹಾಕ್ಕೊಂಡು ಪಕ್ಕದಲ್ಲೇ ಕೂರಿ ಅಂದಿದ್ದು, ಬಾಗಿಲು ಹಾಕ್ಕೊಂಡು ಹೋಗಿ ಅಂದಿಲ್ಲ. ಮೆಲ್ಬರ್ನ್‌ನಲ್ಲಿ ಇದೇ ಥರ ಕಲಿಸಿದ ಮಕ್ಕಳನ್ನ ಐದು ವರ್ಷ ಆದ್ಮೇಲೆ ಮತ್ತೆ ನೋಡಿದ್ರು, 2012ರಲ್ಲಿ ಅದು ಪ್ರಕಟ ಆಯ್ತು. ನಡವಳಿಕೆಯಲ್ಲಾಗಲೀ, ತಾಯಿ-ಮಗು ಬಾಂಧವ್ಯದಲ್ಲಾಗಲೀ ತೊಂದರೆ ಕಾಣಲಿಲ್ಲ. ರಾಗಿ ಸರಿ ಒಳ್ಳೇ ಊಟ, ಕೊಡಿ. ಆದ್ರೆ ನಿದ್ದೆಗೆ ಔಷಧಿ ಅಲ್ಲ. ಅದನ್ನ ತೆಳ್ಳಗೆ ಮಾಡಿ ಬಾಟಲಿಗೆ ಹಾಕೋದಂತೂ ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಳ್ಳತ್ತೆ.

ಫ್ರೀಮಾಂಟ್ ಅಪ್ಪ:
ಮೆಲಟೋನಿನ್ ಗಮ್ಮಿ (ನಿದ್ದೆ ಹಾರ್ಮೋನಿನ ಜಗಿಯೋ ಮಾತ್ರೆ) ಯಾರೂ ಹೇಳೇ ಇಲ್ವಲ್ಲ? ಕೌಂಟರಲ್ಲೇ ಸಿಗತ್ತೆ.

ಲೆಸ್ಟರ್ ನರ್ಸಮ್ಮ, ಮೂಲ ಮಂಗಳೂರು:
ಬ್ರಿಟನ್ನಿನಲ್ಲಿ ಅದಕ್ಕೆ ಡಾಕ್ಟರ ಚೀಟಿಯೇ ಬೇಕು. ನಿಮ್ಮಲ್ಲಿ ಸಪ್ಲಿಮೆಂಟ್ ಅಂತ ಮಾರುವುದರಿಂದ ಡಬ್ಬಿಯ ಮೇಲೆ ಬರೆದಷ್ಟೇ ಒಳಗಿರುತ್ತದೆ ಎಂದಿಲ್ಲ. ಹತ್ತು ತಿಂಗಳಿಗೆ ಪ್ರಶ್ನೆಯೇ ಇಲ್ಲ. ಇನ್ನು ಯಾರಾದರೂ ಬಜೆ ತೇಯ್ದು ಜೇನಲ್ಲಿ ನೆಕ್ಕಿಸಿ ಎನ್ನುವ ಮೊದಲೇ ಹೇಳ್ತೇನೆ: ವರ್ಷದೊಳಗೆ ಜೇನು ಕೊಟ್ಟರೆ ಬಾಟುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು, ಬಜೆಯನ್ನು ಆಹಾರದಲ್ಲಿ ಬಳಸುವುದಕ್ಕೆ ಅಮೆರಿಕದಲ್ಲಿ ನಿಷೇಧ ಉಂಟು. ಗಸಗಸೆ ಪಾಯಸವೂ ಮಗುವಿಗೆ ಬೇಡ, ಸರಿಯಾಗಿ ತೊಳೆಯದ ಕಾಳಿನ ಮೇಲೆ ಮಾರ್ಫಿನ್ ಅಂಶ ಇರ್ತದೆ.

ಸ್ಟಾಕ್‌ಹೋಮ್ ಸುಮ:
ಜೂನ್‌ನಲ್ಲಿ ಇಲ್ಲಿ ರಾತ್ರಿ ಹತ್ತಕ್ಕೆ ಸೂರ್ಯ ಮುಳುಗೋದು. ಕತ್ತಲು ಪರದೆಯನ್ನ ಕಿಟಕಿ ಚೌಕಟ್ಟಿಗಿಂತ ಅಗಲ ಹಾಕಿ, ಪಕ್ಕದಲ್ಲಿ ಬರೋ ಬೆಳಕೇ ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸೋದು. ಡಿಸೆಂಬರಿಗೆ ಊರಿಗೆ ಹೋಗೋರು ಮಗು ಹೊಸ ಸಮಯಕ್ಕೆ ಹೊಂದಿಕೊಳ್ಳೋಕೆ ಒಂದು ಗಂಟೆ ವ್ಯತ್ಯಾಸಕ್ಕೆ ಸುಮಾರು ಒಂದು ದಿನ ಲೆಕ್ಕ ಇಟ್ಕೊಳ್ಳಿ. ಹೋದ ತಕ್ಷಣ ಬೆಳಗಿನ ಬಿಸಿಲಿಗೆ ಕರ್ಕೊಂಡು ಹೋಗಿ.

ಡಲ್ಲಾಸ್ ಗೌಡ್ರು:
ಊರಿಗೆ ಹೋದ್ರೆ ಪರದೆನೂ ಬೇಡ ಕುರ್ಚಿನೂ ಬೇಡ, ಅಜ್ಜಿ ಇರ್ತಾರೆ.

ಧಾರವಾಡ ಟು ಟೊರಾಂಟೊ:
😂 ಅದs ಮಾತು ನೋಡ್ರಿ.

ಎಡಿಸನ್ ಹೊಸ ಅಮ್ಮ:
ಎರಡನೇ ಪ್ರಶ್ನೆಗೆ ಯಾರಾದ್ರೂ?

ಲೆಸ್ಟರ್ ನರ್ಸಮ್ಮ, ಮೂಲ ಮಂಗಳೂರು:
ತೂಕ ಸರಿಯಾಗಿ ಏರುತ್ತಾ ಇದ್ದು, ದಿನಕ್ಕೆ ಮೂರು ಸಲ ಊಟ ಮಾಡ್ತಾಳೆ ಅಂತಾದರೆ ರಾತ್ರಿ ಒಂದು ಸಲ ಸಾಕು, ಇಲ್ಲದೆಯೂ ಆಗ್ತದೆ. ತೂಕ ಕಡಿಮೆ ಇದ್ದರೆ ಡಾಕ್ಟರನ್ನು ಕೇಳದೆ ಬಿಡಿಸಬೇಡಿ. ಈಗ ಹತ್ತು ನಿಮಿಷ ಕುಡಿಯುತ್ತಾಳೆ ಅಂತ ಇಟ್ಟುಕೊಳ್ಳಿ, ಎರಡು ರಾತ್ರಿಗೊಮ್ಮೆ ಎರಡು ನಿಮಿಷ ಇಳಿಸಿ. ಬಾಟಲಿಯಾದರೆ ಹಾಗೇ 30 ಎಂಎಲ್. ಐದು ನಿಮಿಷಕ್ಕಿಂತ ಕಡಿಮೆ ಆದ ಮೇಲೆ ಆ ಹೊತ್ತಿನದ್ದು ನಿಲ್ಲಿಸಿ, ನೀವಲ್ಲ, ಗಂಡ ಹೋಗಿ ತಟ್ಟಲಿ, ಹಾಲಿನ ವಾಸನೆ ಬರಬಾರದು. ಒಮ್ಮೆಲೇ ನಿಲ್ಲಿಸಿದರೆ ನಿಮಗೆ ಎದೆ ಕಟ್ಟಿ ಜ್ವರ ಬಂದೀತು. ದಿನಾ ಗೊರಕೆ ಹೊಡೆದರೆ, ನಿದ್ದೆಯಲ್ಲಿ ತುಂಬಾ ಒದ್ದಾಡಿದರೆ ತೋರಿಸಿ, ಕಬ್ಬಿಣದ ಅಂಶ ಕಡಿಮೆ ಇದ್ದರೂ ಹಾಗಾಗ್ತದೆ.

ಡಲ್ಲಾಸ್ ಗೌಡ್ರು:
ಹಾಲಿಗೂ ಗಡಿಯಾರ!

ಸಿಯಾಟಲ್ ಶಾರದಕ್ಕ:
ಮುಖ್ಯವಾದ್ದು ಬಿಟ್ಟೇ ಹೋಯ್ತು. ಕಂಬಿ ಹಿಡಿದು ನಿಲ್ತಾಳೆ ಅಂದ್ರಲ್ಲ, ಕ್ರಿಬ್ ಹಾಸಿಗೆಯನ್ನ ಇವತ್ತೇ ಎಲ್ಲಕ್ಕಿಂತ ಕೆಳಗಿನ ಮಟ್ಟಕ್ಕೆ ಇಳಿಸಿ. ಸ್ಕ್ರೂ ಬಿಗಿ ಮಾಡಿದ್ಮೇಲೆ ಹಾಸಿಗೆಗೂ ಕಂಬಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಇದೆಯಾ ನೋಡಿ. ಇದ್ರೆ ಆ ಹಾಸಿಗೆ ಬದಲಾಯಿಸಿ.