ಮಿಸ್ಸೂರಿಯ ಹಳ್ಳಿಗಾಡಿನ ಕೌಂಟಿಯಲ್ಲಿ ಮನೆ ಸಾಲ: ಕ್ರೆಡಿಟ್ ಸ್ಕೋರೇ ಇಲ್ಲದವರಿಗೆ ದಾರಿ ಯಾವುದು?

ಪ್ರಶ್ನೆ: ಅರಸೀಕೆರೆಯವನು

ಎಲ್ಲರಿಗೂ ನಮಸ್ಕಾರ. ಅಮೆರಿಕದ ಪೌರನಾದ ನನ್ನ ಅಣ್ಣ 2005ರಲ್ಲಿ ಒಡಹುಟ್ಟಿದವರ ವರ್ಗದಲ್ಲಿ ನಮಗಾಗಿ ಹಾಕಿದ್ದ ಅರ್ಜಿಗೆ ಕೊನೆಗೂ ಸರದಿ ಬಂದು, ನಾನು, ನನ್ನ ಹೆಂಡತಿ ಮತ್ತು ಮಗ ಗ್ರೀನ್ ಕಾರ್ಡಿನೊಂದಿಗೆ ಇಲ್ಲಿಗೆ ಬಂದು ಎರಡು ವರ್ಷ ನಾಲ್ಕು ತಿಂಗಳಾಯಿತು. ಇರುವುದು ಉತ್ತರ ಮಿಸ್ಸೂರಿಯಲ್ಲಿ, ಕರ್ಕ್ಸ್‌ವಿಲ್‌ನಿಂದ ಅರ್ಧ ಗಂಟೆಯ ಹಾದಿಯಲ್ಲಿ. ಊರಿನಲ್ಲಿ ಇಪ್ಪತ್ತು ವರ್ಷ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಆಗಿದ್ದ ನನಗೆ ಇಲ್ಲಿಯೂ ಬಂದ ಹೊಸದರಲ್ಲೇ ಅದೇ ಕೆಲಸ ಸಿಕ್ಕಿತು, ಗಂಟೆಗೆ 24.50 ಡಾಲರ್ ಸಂಬಳ. ಹೆಂಡತಿ ವೃದ್ಧಾಶ್ರಮವೊಂದರಲ್ಲಿ ವಾರಕ್ಕೆ 30 ಗಂಟೆ ದುಡಿಯುತ್ತಾಳೆ, ಗಂಟೆಗೆ 16 ಡಾಲರ್. ಅವಳು ಸೇರಿ ಒಂದು ವರ್ಷವಾಗಿದೆ.

ಈಗ ನಾಲ್ಕು ಎಕರೆ ಜಾಗದಲ್ಲಿರುವ, ಮೂರು ಕೋಣೆಗಳ ಹಳೆಯ ಮನೆಯೊಂದು 1,45,000 ಡಾಲರಿಗೆ ಮಾರಾಟಕ್ಕಿದೆ. ಸಾಲ ಕೇಳಲು ಹತ್ತಿರದ ಒಂದು ಬ್ಯಾಂಕಿಗೆ ಹೋದೆವು. ಅಲ್ಲಿನವರು ಗಣಕಯಂತ್ರದಲ್ಲಿ ನಮ್ಮ ಸಂಖ್ಯೆ ಹಾಕಿ, ಪರದೆಯನ್ನು ನಮ್ಮ ಕಡೆಗೆ ತಿರುಗಿಸಿ, ಸಾಲದ ಇತಿಹಾಸ ದಾಖಲಿಸುವ ಮೂರು ಸಂಸ್ಥೆಗಳ ಹೆಸರಿನ ಮುಂದೆಯೂ ಸ್ಕೋರ್ ಇರಬೇಕಾದ ಜಾಗ ಖಾಲಿಯಿರುವುದನ್ನು ತೋರಿಸಿ, ‘ಸ್ಕೋರ್ ಬಂದ ಮೇಲೆ ಬನ್ನಿ’ ಎಂದು ಕಳುಹಿಸಿದರು. ಊರಿನಲ್ಲಿ ನನ್ನ ಸಿಬಿಲ್ ಸ್ಕೋರ್ 780ರ ಮೇಲಿತ್ತು ಎಂದು ಹೇಳಿದ್ದಕ್ಕೆ ಆ ಮಹಿಳೆ ನಯವಾಗಿ ನಕ್ಕರು, ಅಷ್ಟೆ.

ತಪ್ಪು ನಮ್ಮದೂ ಇರಬಹುದು. ಸಾಲವಿಲ್ಲದೆ ಬದುಕುವುದೇ ಮಾನ ಎಂದು ನಂಬಿ ಬೆಳೆದವರು ನಾವು. ಹಳೆಯ ಕಾರನ್ನು ಪೂರ್ತಿ ಹಣ ಕೊಟ್ಟು ಕೊಂಡೆವು, ಅಂಗಡಿಯಲ್ಲಿ ಡೆಬಿಟ್ ಕಾರ್ಡ್ ಬಿಟ್ಟು ಬೇರೆ ಬಳಸಲಿಲ್ಲ. ವಿದ್ಯುತ್, ಫೋನ್, ಕಾರಿನ ವಿಮೆ ಎಲ್ಲವನ್ನೂ ನನ್ನ ಹೆಸರಿನಲ್ಲಿ ಒಂದು ದಿನವೂ ತಪ್ಪಿಸದೆ ಕಟ್ಟಿದ್ದೇವೆ. ಅದು ಯಾವುದೂ ಲೆಕ್ಕಕ್ಕೆ ಬರುವುದಿಲ್ಲವೇ? ಸ್ಕೋರ್ ಹುಟ್ಟುವವರೆಗೆ ಕಾಯುವುದೊಂದೇ ದಾರಿಯೇ?

ಉತ್ತರ 1: ಕಡತದಮ್ಮ

ಗೃಹಸಾಲದ ಕಡತಗಳನ್ನು ಸಿದ್ಧಪಡಿಸುವ ಕೆಲಸವನ್ನು ನಾನು ಹತ್ತು ವರ್ಷ ಮಾಡಿದ್ದೇನೆ. ಆ ಬ್ಯಾಂಕಿನವರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಇಲ್ಲಿನ ಸಾಲದಾತರು ಹೆಚ್ಚಾಗಿ ನೋಡುವ ಫಿಕೋ ಎಂಬ ಕ್ರೆಡಿಟ್ ಸ್ಕೋರ್ ಹುಟ್ಟಬೇಕಾದರೆ ಕನಿಷ್ಠ ಆರು ತಿಂಗಳು ಹಳೆಯದಾದ ಒಂದು ಸಾಲದ ಖಾತೆ ಇರಬೇಕು, ಮತ್ತು ಕಳೆದ ಆರು ತಿಂಗಳಲ್ಲಿ ಒಮ್ಮೆಯಾದರೂ ಖಾತೆಯ ವಿವರ ನೀವು ಪರದೆಯಲ್ಲಿ ಕಂಡ ಆ ಮೂರು ಸಂಸ್ಥೆಗಳಾದ ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಅಥವಾ ಟ್ರಾನ್ಸ್‌ಯೂನಿಯನ್‌ಗೆ ತಲುಪಿರಬೇಕು. ನಿಮಗೆ ಅಂಥ ಖಾತೆಯೇ ಇಲ್ಲದ್ದರಿಂದ ಯಂತ್ರ ಸುಮ್ಮನಾಗಿದೆ. ನಿಮ್ಮ ಸ್ಕೋರ್ ಕೆಟ್ಟಿಲ್ಲ, ಹುಟ್ಟಿಲ್ಲ; ಇವೆರಡಕ್ಕೂ ಸಾಲದ ನಿಯಮಗಳಲ್ಲಿ ಬಹಳ ವ್ಯತ್ಯಾಸವಿದೆ.

ಸ್ಕೋರ್ ಇಲ್ಲದವರ ಕಡತವನ್ನು ಯಂತ್ರದ ಬದಲು ಮನುಷ್ಯರೊಬ್ಬರು ಕೂತು ಓದಿ ತೀರ್ಮಾನಿಸುವ ಕ್ರಮಕ್ಕೆ ಮ್ಯಾನುಯಲ್ ಅಂಡರ್‌ರೈಟಿಂಗ್ ಎನ್ನುತ್ತಾರೆ. ಅದರಲ್ಲಿ ಬಾಡಿಗೆ, ವಿದ್ಯುತ್, ನೀರು, ಫೋನ್, ವಿಮೆ ಇವುಗಳ ಹಿಂದಿನ 12 ತಿಂಗಳ ಪಾವತಿಯೇ ನಿಮ್ಮ ಕ್ರೆಡಿಟ್ ಇತಿಹಾಸವಾಗಿ ನಿಲ್ಲುತ್ತದೆ. ಇವೆಲ್ಲದರಲ್ಲಿ ಬಾಡಿಗೆಯ ತೂಕ ಹೆಚ್ಚು. ಸಮಯಕ್ಕೆ ಸರಿಯಾಗಿ ಬಾಡಿಗೆ ಕಟ್ಟಿದವರು ಮನೆಯ ಕಂತನ್ನೂ ಕಟ್ಟುತ್ತಾರೆ ಎಂಬುದು ಅಂಡರ್‌ರೈಟರ್‌ಗಳ ನಂಬಿಕೆ. ಇಂಥ ಕಡತಕ್ಕೆ ಹೆಚ್ಚು ಸಮಯ ಹಿಡಿಯುವುದರಿಂದ ಅನೇಕ ಸಂಸ್ಥೆಗಳು ಅದನ್ನು ಕೈಗೆತ್ತಿಕೊಳ್ಳುವುದೇ ಇಲ್ಲ. ಆದ್ದರಿಂದ ಫೋನ್ ಮಾಡಿದಾಗ ‘ಸಾಲ ಕೊಡುತ್ತೀರಾ’ ಎಂದು ಕೇಳಬೇಡಿ; ‘ಸ್ಕೋರ್ ಇಲ್ಲದ ಅರ್ಜಿದಾರರಿಗೆ ಮ್ಯಾನುಯಲ್ ಅಂಡರ್‌ರೈಟಿಂಗ್ ಮಾಡುತ್ತೀರಾ’ ಎಂದೇ ಕೇಳಿ. ಇಲ್ಲ ಎಂದರೆ ಎರಡು ನಿಮಿಷದಲ್ಲಿ ಮಾತು ಮುಗಿಯುತ್ತದೆ, ಒಂದು ದಿನದ ಸಂಬಳ ಉಳಿಯುತ್ತದೆ.

ನಿಮ್ಮ ಜಾಗಕ್ಕೆ ಮೊದಲು ನೋಡಬೇಕಾದದ್ದು ಯುಎಸ್‌ಡಿಎ, ಅಂದರೆ ಕೃಷಿ ಇಲಾಖೆಯ ಗ್ರಾಮೀಣ ಗೃಹಸಾಲ. ಕೃಷಿ ಇಲಾಖೆ ಎಂದ ಕೂಡಲೇ ರೈತರಿಗೆ ಮಾತ್ರ ಎಂದು ನಮ್ಮವರು ಪುಟ ತಿರುಗಿಸುತ್ತಾರೆ, ಅದು ತಪ್ಪು. ಇದರಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ಸಾಲ ಕೊಡುವುದು ಬ್ಯಾಂಕ್, ಖಾತರಿ ಮಾತ್ರ ಸರ್ಕಾರದ್ದು: ಡೌನ್ ಪೇಮೆಂಟ್, ಅಂದರೆ ಕೈಯಿಂದ ಕೊಡುವ ಮುಂಗಡ, ಬೇಕಿಲ್ಲ, ಅವಧಿ 30 ವರ್ಷ, ಬಡ್ಡಿ ಬದಲಾಗದು, ಕುಟುಂಬದ ಒಟ್ಟು ಆದಾಯ ಆ ಪ್ರದೇಶದ ಮಧ್ಯಮ ಆದಾಯದ ಶೇ. 115 ಮೀರಬಾರದು. ಇನ್ನೊಂದರಲ್ಲಿ ಇಲಾಖೆಯೇ ನೇರವಾಗಿ ಸಾಲ ಕೊಡುತ್ತದೆ. ಅದು ಕಡಿಮೆ ಆದಾಯದವರಿಗೆ, ಬೇರೆಲ್ಲೂ ಸರಿಯಾದ ಸಾಲ ಸಿಗದವರಿಗೆ. ಅವಧಿ 33 ವರ್ಷ, ತೀರಾ ಕಡಿಮೆ ಆದಾಯವಿದ್ದರೆ 38, ಮತ್ತು ಸಹಾಯಧನ ಸೇರಿದರೆ ಬಡ್ಡಿ ಶೇ. 1ರವರೆಗೂ ಇಳಿಯಬಹುದು. ಇದಕ್ಕೆ ಇಲಾಖೆಯ ಸ್ಥಳೀಯ ಕಚೇರಿಯಲ್ಲಿಯೇ ಅರ್ಜಿ ಹಾಕಬೇಕು. ಅನುದಾನದ ಮೇಲೆ ಸರದಿ ಅವಲಂಬಿಸಿರುವುದರಿಂದ ತಾಳ್ಮೆ ಬೇಕು; ಇಪ್ಪತ್ತು ವರ್ಷದ ಹತ್ತಿರ ಸರದಿ ಕಾದವರಿಗೆ ಅದನ್ನು ನಾನು ಹೇಳಬೇಕಿಲ್ಲ.

ನಿಮ್ಮ ಲೆಕ್ಕವನ್ನೇ ಹಾಕೋಣ. ಹೆಂಡತಿಯ ಕೆಲಸ ಇನ್ನೂ ಹೊಸದು, ಅರೆಕಾಲಿಕ. ಅಂಡರ್‌ರೈಟರ್ ಅದನ್ನು ಕಂತಿನ ಲೆಕ್ಕಕ್ಕೆ ಹಿಡಿಯದೆ ಹೋಗಬಹುದು. ನಿಮ್ಮ ಒಬ್ಬರ ಸಂಬಳ ತಿಂಗಳಿಗೆ ಸುಮಾರು 4,246 ಡಾಲರ್. ಯುಎಸ್‌ಡಿಎ ಖಾತರಿ ಸಾಲದಲ್ಲಿ ಮನೆಯ ಒಟ್ಟು ಕಂತು ಸಾಮಾನ್ಯವಾಗಿ ಆದಾಯದ ಶೇ. 29ರೊಳಗೆ, ಎಲ್ಲ ಸಾಲಗಳೂ ಸೇರಿ ಶೇ. 41ರೊಳಗೆ ಇರಬೇಕು. ಶೇ. 29 ಎಂದರೆ 1,231 ಡಾಲರ್. ಬಡ್ಡಿ ಶೇ. 6.5 ಎಂದಿಟ್ಟುಕೊಂಡು, ಶೇ. 1ರ ಖಾತರಿ ಶುಲ್ಕವನ್ನು ಸಾಲಕ್ಕೇ ಸೇರಿಸಿದರೆ ಅಸಲು-ಬಡ್ಡಿ ತಿಂಗಳಿಗೆ 925ರಷ್ಟು, ಶೇ. 0.35ರ ವಾರ್ಷಿಕ ಶುಲ್ಕಕ್ಕೆ 43. ಆಸ್ತಿ ತೆರಿಗೆ ಮತ್ತು ವಿಮೆಗೆ 250 ಎಂದು ಹಿಡಿದರೆ ಒಟ್ಟು 1,218. ಕೂದಲೆಳೆಯ ಅಂತರದಲ್ಲಿ ಒಳಗಿದ್ದೀರಿ. ತೆರಿಗೆ, ವಿಮೆಯ ನಿಜವಾದ ಅಂಕಿ ತಿಳಿಯುವ ಮುಂಚೆ ಮನೆಯ ಬೆಲೆ ಒಪ್ಪಿಕೊಳ್ಳಬೇಡಿ. ಮುಖ್ಯವಾದ ಒಂದು ಮಾತು: ಅರ್ಹತೆಯ ಮಿತಿಗೆ ಮಾತ್ರ ಮನೆಯ ಎಲ್ಲ ವಯಸ್ಕರ ಆದಾಯವನ್ನೂ ಕೂಡುತ್ತಾರೆ, ಹೆಂಡತಿಯ ಹೆಸರು ಸಾಲದಲ್ಲಿ ಇರದಿದ್ದರೂ ಅವರ ಸಂಬಳ ತೋರಿಸಲೇಬೇಕು.

ಎರಡನೆಯ ದಾರಿ ಎಫ್‌ಎಚ್‌ಎ, ಅಂದರೆ ಕೇಂದ್ರ ಸರ್ಕಾರದ ವಸತಿ ಸಂಸ್ಥೆ ವಿಮೆ ಕೊಡುವ ಗೃಹಸಾಲ. ಸ್ಕೋರ್ ಇಲ್ಲದವರನ್ನು ಅದೂ ಮ್ಯಾನುಯಲ್ ಆಗಿ ಪರಿಶೀಲಿಸುತ್ತದೆ; ಶೇ. 3.5 ಡೌನ್ ಪೇಮೆಂಟ್ ಬೇಕು, ಅದನ್ನು ಅಣ್ಣ ಉಡುಗೊರೆಯಾಗಿ ಕೊಡಬಹುದು. ಎಚ್-1ಬಿಯಲ್ಲಿರುವ ಓದುಗರು ಗಮನಿಸಬೇಕಾದದ್ದು, 2025ರ ಮೇ 25ರಿಂದ ಖಾಯಂ ನಿವಾಸಿಗಳಲ್ಲದವರಿಗೆ ಎಫ್‌ಎಚ್‌ಎ ಸಾಲ ನಿಂತಿದೆ. ನಿಮ್ಮದು ಗ್ರೀನ್ ಕಾರ್ಡ್ ಆದ್ದರಿಂದ ಈ ಚಿಂತೆಯಿಲ್ಲ.

ಆ ಬ್ಯಾಂಕಿನಲ್ಲಿ ನೀವು ಅರ್ಜಿ ಸಲ್ಲಿಸಿದ್ದಿರೋ ಅಥವಾ ಬರೀ ಮಾತಾಡಿ ಬಂದಿರೋ? ಅರ್ಜಿ ತಿರಸ್ಕರಿಸಿದರೆ 30 ದಿನಗಳೊಳಗೆ ಕಾರಣ ತಿಳಿಸಬೇಕೆಂದು, ಅಥವಾ ಕಾರಣ ಕೇಳುವ ಹಕ್ಕು ನಿಮಗಿದೆಯೆಂದಾದರೂ ಬರವಣಿಗೆಯಲ್ಲಿ ಹೇಳಬೇಕೆಂದು ಕಾನೂನಿದೆ.

ಉತ್ತರ 2: ಲಗೂನ್ ಮಾಲೀಕ

ಕಡತದಮ್ಮ ಹೇಳಿದ್ದು ಸಾಲಗಾರನ ಪರೀಕ್ಷೆ. ಹಳ್ಳಿಗಾಡಿನಲ್ಲಿ ಮನೆಯೂ ಪರೀಕ್ಷೆ ಬರೆಯಬೇಕು, ಮತ್ತು ಅನೇಕ ಅರ್ಜಿಗಳು ಬೀಳುವುದು ಅಲ್ಲಿಯೇ. ಯುಎಸ್‌ಡಿಎ ಖಾತರಿ ಸಾಲಕ್ಕೂ ಎಫ್‌ಎಚ್‌ಎಗೂ ಹಳೆಯ ಮನೆಯ ಸ್ಥಿತಿಗತಿಯ ನಿಯಮಗಳು ಒಂದೇ.

ನಾನು ಮನೆ ಕೊಂಡದ್ದು ನಿಮ್ಮ ಪಕ್ಕದ ಕೌಂಟಿಯಲ್ಲಿ. ಆ ಕಡೆಯ ನೆಲದಡಿಯಲ್ಲಿ ಗಟ್ಟಿ ಜೇಡಿಯ ಪದರವಿದೆ, ನೀರು ಇಂಗುವುದಿಲ್ಲ. ಆದ್ದರಿಂದ ಶೌಚದ ನೀರಿಗೆ ಇಂಗುಗುಂಡಿಯ ಬದಲು ಮನೆಯ ಹಿಂದೆ ಲಗೂನ್ ಎಂಬ ತೆರೆದ ಹೊಂಡವಿರುವುದು ಸಾಮಾನ್ಯ. ಮೊದಲ ಸಲ ನೋಡಿದಾಗ, ಬಾತುಕೋಳಿಯೊಂದು ಈಜುತ್ತಿದ್ದುದರಿಂದ, ಅದನ್ನು ಕೆರೆಯೆಂದೇ ತಿಳಿದು ನನ್ನ ತಂದೆ ದಂಡೆಗೆ ಹೋಗಿ ಕೈ ತೊಳೆಯಲು ಬಗ್ಗಿದ್ದರು. ಲಗೂನಿನ ಸುತ್ತ ಬೇಲಿ ಸರಿಯಿದೆಯೇ, ಕಟ್ಟೆ ಬಿರಿದು ನೀರು ಪಕ್ಕದವರ ಹೊಲಕ್ಕೆ ಹೋಗುತ್ತಿದೆಯೇ ಎಂಬುದನ್ನು ಮಳೆ ನಿಂತ ಮಾರನೆಯ ದಿನ ಹೋಗಿ ನೋಡಿ. ಒಣ ದಿನದಲ್ಲಿ ಎಲ್ಲ ಲಗೂನೂ ಸಭ್ಯವಾಗಿರುತ್ತದೆ.

ನೀರು ಗ್ರಾಮೀಣ ನೀರು ಸರಬರಾಜು ಡಿಸ್ಟ್ರಿಕ್ಟಿನ ಕೊಳವೆಯಿಂದ ಬರುತ್ತಿದ್ದರೆ ನಿಮ್ಮ ಕೆಲಸ ಹಗುರ. ಸ್ವಂತ ಬಾವಿಯಾದರೆ ನೀರಿನ ಪ್ರಯೋಗಾಲಯದ ವರದಿ ಬೇಕಾಗುತ್ತದೆ, ಮತ್ತು ಬಾವಿ ಸೆಪ್ಟಿಕ್ ಟ್ಯಾಂಕಿನಿಂದ 50 ಅಡಿ, ಅದರ ನೀರು ಇಂಗುವ ಜಾಗದಿಂದ 100 ಅಡಿ ದೂರವಿರಬೇಕು. 1978ಕ್ಕೆ ಮುಂಚಿನ ಮನೆಯಲ್ಲಿ ಬಣ್ಣ ಸಿಪ್ಪೆಯೇಳುತ್ತಿದ್ದರೆ ಸೀಸದ ಭಯದಿಂದ ಅದನ್ನು ಕೆರೆದು ಸರಿಪಡಿಸುವವರೆಗೆ ಸಾಲ ಮುಂದೆ ಹೋಗದು. ಮನೆ ಬೆಚ್ಚಗಿಡಲು ಕಟ್ಟಿಗೆಯ ಒಲೆಯೊಂದೇ ಇದ್ದರೆ ಸಾಲದು. ಮನೆಗೆ ಹೋಗುವ ದಾರಿ ಬೇರೆಯವರ ಜಮೀನಿನ ಮೇಲಿದ್ದರೆ, ಆ ಹಾದಿಯ ಹಕ್ಕು ಕೌಂಟಿಯಲ್ಲಿ ನೋಂದಣಿಯಾಗಿರಬೇಕು. ‘ಮೂವತ್ತು ವರ್ಷದಿಂದ ಓಡಾಡುತ್ತಿದ್ದೇವೆ’ ಎಂಬ ಮಾತನ್ನು ಅರಸೀಕೆರೆಯ ತಹಶೀಲ್ದಾರರ ಕಚೇರಿಯಲ್ಲಿ ಹೇಳುವಂತೆ ಇಲ್ಲಿ ಹೇಳಿ ಪ್ರಯೋಜನವಿಲ್ಲ.

ನಿಮ್ಮ ನಾಲ್ಕು ಎಕರೆಯಲ್ಲಿ ಜೋಳ, ಸೋಯಾ ಬೆಳೆದು ಮಾರುತ್ತಿದ್ದಾರೆಯೇ ಎಂದೂ ಕೇಳಿ. ಬೇಸಾಯದ ಆದಾಯಕ್ಕಾಗಿ ಬಳಸುವ ಆಸ್ತಿ ಯುಎಸ್‌ಡಿಎ ಗೃಹಸಾಲಕ್ಕೆ ಸಲ್ಲದು. ಕೃಷಿ ಇಲಾಖೆಯ ಸಾಲಕ್ಕೆ ಕೃಷಿಯೇ ಅಡ್ಡಿಯಾಗುವುದು ವಿಚಿತ್ರವೆನಿಸಿದರೂ ನಿಯಮ ಹಾಗಿದೆ.

ಅರಸೀಕೆರೆಯವನು

ಇಬ್ಬರಿಗೂ ಋಣಿ. ಬ್ಯಾಂಕಿನಲ್ಲಿ ನಾವು ಅರ್ಜಿ ಸಲ್ಲಿಸಿರಲಿಲ್ಲ, ಮಾತಾಡಿದ್ದಷ್ಟೆ. ಆದರೆ ಬಾಡಿಗೆಯ ವಿಷಯ ಓದಿ ಎದೆ ಧಸಕ್ಕೆಂದಿತು. ನಾವಿರುವುದು ಅಣ್ಣನದೇ ಇನ್ನೊಂದು ಚಿಕ್ಕ ಮನೆಯಲ್ಲಿ. ತಿಂಗಳಿಗೆ 500 ಡಾಲರನ್ನು ಲಕೋಟೆಯಲ್ಲಿಟ್ಟು ಅತ್ತಿಗೆಯ ಕೈಗೆ ಕೊಡುತ್ತೇವೆ. ಅಣ್ಣನಿಂದ ಪತ್ರ ಬರೆಸಿದರೆ ಆಗದೇ? ಇನ್ನೊಂದು, ಊರಿನಲ್ಲಿ ಒಂದು ನಿವೇಶನ ಮಾರಿದ ಹಣ ಬರಬೇಕಿದೆ. ಅದನ್ನು ತಂದು ಮುಂಗಡ ಕೊಟ್ಟರೆ ದಾರಿ ಸುಲಭವಾಗುತ್ತದೆಯೇ?

ಕಡತದಮ್ಮ

ಪತ್ರ ಸಾಲದು. ಮಾಲೀಕರು ನೆಂಟರಾಗಿದ್ದರೆ ಹನ್ನೆರಡು ತಿಂಗಳ ಬಾಡಿಗೆ ನಿಮ್ಮ ಖಾತೆಯಿಂದ ಹೋಗಿದ್ದಕ್ಕೆ ಬ್ಯಾಂಕಿನ ದಾಖಲೆಯನ್ನೇ ಕೇಳುತ್ತಾರೆ. ಪ್ರೀತಿಯಿಂದ ಪತ್ರ ಬರೆದುಕೊಡುವ ಅಣ್ಣಂದಿರು ಎಲ್ಲರಿಗೂ ಇರುತ್ತಾರೆಂದು ಅವರಿಗೆ ಗೊತ್ತು. ಲಕೋಟೆಯ ಪದ್ಧತಿಯನ್ನು ಈ ತಿಂಗಳೇ ನಿಲ್ಲಿಸಿ, ಒಂದೇ ಮೊತ್ತವನ್ನು ಒಂದೇ ತಾರೀಖಿಗೆ ಚೆಕ್ ಮೂಲಕ ಕೊಡಿ, ಚೆಕ್ಕಿನ ಮೇಲೆ ಯಾವ ತಿಂಗಳ ಬಾಡಿಗೆ ಎಂದು ಬರೆಯಿರಿ. ಜೊತೆಗೆ ಕ್ರೆಡಿಟ್ ಯೂನಿಯನ್ನಿನಲ್ಲಿ (ಸದಸ್ಯರ ಸಹಕಾರಿ ಬ್ಯಾಂಕು) 300-500 ಡಾಲರ್ ಠೇವಣಿಯಿಟ್ಟು, ಆ ಠೇವಣಿಯ ಆಧಾರದ ಮೇಲೆ ಕೊಡುವ ಸೆಕ್ಯೂರ್ಡ್ ಕ್ರೆಡಿಟ್ ಕಾರ್ಡ್ ತೆಗೆದುಕೊಂಡು, ಪೆಟ್ರೋಲಿಗೆ ಮಾತ್ರ ಬಳಸಿ, ತಿಂಗಳು ತಿಂಗಳು ಪೂರ್ತಿ ತೀರಿಸಿದರೆ ಆರೇಳು ತಿಂಗಳಲ್ಲಿ ಸ್ಕೋರೂ ಹುಟ್ಟುತ್ತದೆ. ಬಾಡಿಗೆಯನ್ನು ಬಿಟ್ಟು ಬೇರೆ ಪಾವತಿಗಳ ಆಧಾರದ ಮೇಲೆ ಮುಂದುವರಿಯುವ ದಾರಿಯೂ ಇದೆ. ವಿದ್ಯುತ್, ಫೋನ್, ವಿಮೆ ನಿಮ್ಮ ಹೆಸರಿನಲ್ಲಿಯೇ ಇರುವುದರಿಂದ ಇಂದೇ ಕೇಳಿ ನೋಡಬಹುದು. ಆದರೆ ಅದನ್ನು ಒಪ್ಪುವ ಸಾಲದಾತರು ಇನ್ನೂ ಕಡಿಮೆ.

ನಿವೇಶನದ ಹಣ ತರಬಹುದು. ಅದು ಎಲ್ಲಿಂದ ಬಂತೆಂಬ ಸರಪಳಿ ಕಡಿಯಬಾರದು. ನೋಂದಾಯಿತ ಕ್ರಯಪತ್ರ, ಕೊಂಡವರ ಹಣ ನಿಮ್ಮ ಭಾರತದ ಖಾತೆಗೆ ಬಂದ ಪುಟ, ಅಲ್ಲಿಂದ ಇಲ್ಲಿಗೆ ವರ್ಗವಾದ ರಸೀದಿ, ಈ ಮೂರೂ ಬೇಕು. ಕ್ರಯಪತ್ರ ಕನ್ನಡದಲ್ಲಿದ್ದರೆ ಪ್ರಮಾಣೀಕರಿಸಿದ ಇಂಗ್ಲಿಷ್ ಅನುವಾದ ಕೇಳುತ್ತಾರೆ. ಹಿಂದೊಮ್ಮೆ ಒಬ್ಬರ ಪತ್ರದ ಚಕ್ಕುಬಂದಿಯಲ್ಲಿ ‘ಪಶ್ಚಿಮಕ್ಕೆ ಓಣಿ’ ಎಂದಿದ್ದುದನ್ನು ಅನುವಾದಕರು ಯಾರೋ ಓಣಿ ಎಂಬ ವ್ಯಕ್ತಿಯ ಆಸ್ತಿ ಎಂದು ಬರೆದು, ಆ ವ್ಯಕ್ತಿಗೂ ನಿಮಗೂ ಏನು ಸಂಬಂಧ ಎಂದು ಅಂಡರ್‌ರೈಟರ್ ಕೇಳಿದ್ದರು. ಅನುವಾದವನ್ನು ನೀವೇ ಒಮ್ಮೆ ಓದಿ ಕೊಡಿ.

ಉತ್ತರ 3: ಒಂದು ಭಿನ್ನಾಭಿಪ್ರಾಯ

ಮುಂಗಡಕ್ಕೆ ಹಣ ಇರುವವರು ಸರ್ಕಾರಿ ಯೋಜನೆಯ ದಾರಿಯನ್ನೇ ಹಿಡಿಯಬೇಕೆಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಸಣ್ಣ ಊರುಗಳ ಕೆಲವು ಬ್ಯಾಂಕುಗಳು ಸಾಲವನ್ನು ಬೇರೆಯವರಿಗೆ ಮಾರದೆ ತಮ್ಮ ಪುಸ್ತಕದಲ್ಲಿಯೇ ಇಟ್ಟುಕೊಳ್ಳುತ್ತವೆ. ಅಂಥ ಕಡೆ ಶೇ. 20 ಮುಂಗಡ, ಕಾಯಂ ಸಂಬಳ ಮತ್ತು ಮುಖಪರಿಚಯ ಇದ್ದರೆ ಸ್ಕೋರಿನ ಪ್ರಶ್ನೆ ಹಿಂದಕ್ಕೆ ಸರಿಯುತ್ತದೆ. ಆದರೆ ಬಡ್ಡಿ ಐದು ವರ್ಷಕ್ಕೊಮ್ಮೆ ಬದಲಾಗುತ್ತದೆಯೇ, ಅಥವಾ ಐದನೆಯ ವರ್ಷದ ಕೊನೆಗೆ ಉಳಿದ ಅಸಲನ್ನೆಲ್ಲ ಒಮ್ಮೆಗೇ ಕಟ್ಟಬೇಕಾದ ಬಲೂನ್ ಸಾಲವೇ ಎಂದು ಸಹಿ ಹಾಕುವ ಮುನ್ನ ನೋಡಿಕೊಳ್ಳಿ. ಮನೆಯಿರುವುದು 2,500ಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನಲ್ಲಾದರೆ ಅಥವಾ ಊರಿನ ಹೊರಗಾದರೆ ರೈತರ ಸಹಕಾರಿ ಸಾಲ ವ್ಯವಸ್ಥೆಯಾದ ಫಾರ್ಮ್ ಕ್ರೆಡಿಟ್ ಸಂಸ್ಥೆಗಳೂ ಮನೆ ಸಾಲ ಕೊಡುತ್ತವೆ. ಅಲ್ಲಿಯೂ ಒಮ್ಮೆ ವಿಚಾರಿಸಿ.

ಅರಸೀಕೆರೆಯವನು

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಕೃಷಿ ಇಲಾಖೆಯ ಕಚೇರಿಯಲ್ಲಿ ನೇರ ಸಾಲದ ಅರ್ಜಿ ತೆಗೆದುಕೊಂಡಿದ್ದಾರೆ, ತೀರ್ಮಾನಕ್ಕೆ ಸಮಯ ಹಿಡಿಯುತ್ತದೆ ಎಂದರು. ಫೋನ್ ಮಾಡಿದ ಏಳು ಸಾಲದಾತರಲ್ಲಿ ಇಬ್ಬರು ಮ್ಯಾನುಯಲ್ ಅಂಡರ್‌ರೈಟಿಂಗ್ ಮಾಡುತ್ತೇವೆಂದರು; ಇಬ್ಬರೂ ಹನ್ನೆರಡು ತಿಂಗಳ ಬಾಡಿಗೆಯನ್ನೇ ಕೇಳಿದರು. ಆ ನಾಲ್ಕೆಕರೆ ಮನೆಯ ಲಗೂನ್ ಕಟ್ಟೆ ಒಂದು ಕಡೆ ಕುಸಿದಿದೆ, ಮಳೆಯ ಮಾರನೆಯ ದಿನ ಹೋಗಿ ನೋಡಿ ಬಂದು ಅದನ್ನು ಕೈಬಿಟ್ಟೆವು. ಬಾಡಿಗೆಯ ಮೊದಲ ಚೆಕ್ ಒಂದನೆಯ ತಾರೀಖು ಕೊಟ್ಟೆ. ತಮ್ಮನಿಂದ ಚೆಕ್ ತೆಗೆದುಕೊಳ್ಳುವುದೇ ಎಂದು ಅಣ್ಣ ಬೇಸರಪಟ್ಟುಕೊಂಡು ಅದನ್ನು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿ ಬಿಟ್ಟಿದ್ದ. ಒಂಬತ್ತನೆಯ ದಿನ ಅತ್ತಿಗೆ ನೋಡಿ ತಾವೇ ಬ್ಯಾಂಕಿಗೆ ಹಾಕಿ ಬಂದರು. ಇನ್ನು ಹನ್ನೊಂದು ಬಾಕಿ.