14 ಬೈಕ್, ಒಂದೇ ಗುಂಪು, ಹೆಚ್ಚು ಜನ ಹೋಗದ ಜಲಪಾತ: ಹೀಗೆ ಹೋಗೋದು ಸರಿಯಾ?

ಮಂಜುಹನಿ:
ಬರುವ ಭಾನುವಾರ ನಾವು 14 ಬೈಕ್‌ಗಳಲ್ಲಿ ಒಂದು ಜಲಪಾತಕ್ಕೆ ಹೊರಟಿದ್ದೇವೆ. ಬೆಳಿಗ್ಗೆ ಹೋಗಿ ಕತ್ತಲಾಗೋ ಮೊದಲು ವಾಪಸ್. ಹೋಗಿಬರೋಕೆ 240 ಕಿ.ಮೀ. ಕೊನೆಯ 9 ಕಿ.ಮೀ. ಮಣ್ಣು ರಸ್ತೆ, ಆಮೇಲೆ ಅರ್ಧ ಗಂಟೆ ನಡಿಗೆ. ನಾಲ್ವರು ಹೊಸಬರು ಇದ್ದಾರೆ. ಎಲ್ಲರೂ ಒಟ್ಟಿಗೇ ಹೋಗಬೇಕು ಅನ್ನೋದು ನನ್ನ ಆಸೆ. ಗುಂಪಿನಲ್ಲಿ ಒಬ್ಬರು ಮೂರು ಭಾಗ ಮಾಡೋಣ ಅಂತ ಹಟ ಹಿಡಿದಿದ್ದಾರೆ. ನೀವೇನು ಹೇಳುತ್ತೀರಿ?

ಕೊನೇಬೈಕ್:
ಭಾಗ ಮಾಡಿ. ನಾನು ಯಾವಾಗಲೂ ಸಾಲಿನ ಕೊನೆಯಲ್ಲೇ ಓಡಿಸುವವನು, ಅಲ್ಲಿಂದ ಕಾಣೋದೇ ಬೇರೆ. ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕ್ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ತಿರುವಿನ ರಸ್ತೆಯಲ್ಲಿ ಒಬ್ಬರ ಹಿಂದೆ ಒಬ್ಬರು, ನಡುವೆ ಎರಡು ಸೆಕೆಂಡ್ ಬಿಟ್ಟು ಹೋದರೆ 14 ಬೈಕಿನ ಸಾಲು 430 ಮೀಟರ್ ದಾಟುತ್ತದೆ. ಕಾರಿನವರು ಇಷ್ಟುದ್ದ ಸಾಲನ್ನು ಒಂದೇ ಸಲ ಓವರ್‌ಟೇಕ್ ಮಾಡೋಕಾಗಲ್ಲ, ನಡುವೆ ನುಗ್ಗಲೇಬೇಕು. ಅಲ್ಲಿಗೆ ಸಾಲು ತುಂಡಾಯಿತು. ಮುಂದಿನವರು 60ರಲ್ಲೇ ಆರಾಮಾಗಿ ಹೋಗುತ್ತಿರುತ್ತಾರೆ. ಹಿಂದೆ ಬಿದ್ದವರು ಸೇರಿಕೊಳ್ಳೋಕೆ 80, 90ರಲ್ಲಿ ಬರುತ್ತಾರೆ.

ನಾಲ್ಕನೇಗೇರ್:
ನಾನು ಒಪ್ಪಲ್ಲ. ನಾವು 11 ಬೈಕ್ ಒಟ್ಟಿಗೇ ಹೋಗಿ ಬಂದಿದ್ದೇವೆ, ಯಾರೂ ಯಾರನ್ನೂ ಅಟ್ಟಿಸಿಕೊಂಡು ಹೋಗಲಿಲ್ಲ. ದಾರಿ ಕವಲಾಗುವ ಕಡೆಯೆಲ್ಲ ಲೀಡ್, ಅಂದರೆ ಎಲ್ಲರಿಗಿಂತ ಮುಂದೆ ಹೋಗುವ ಬೈಕ್, ಅದರ ಹಿಂದಿನ ಬೈಕ್ ಪಕ್ಕಕ್ಕೆ ನಿಲ್ಲುತ್ತದೆ. ಕೊನೆಯ ಸ್ವೀಪ್ ಬೈಕ್ ಕಾಣುವವರೆಗೂ ಅಲ್ಲಿಂದ ಕದಲಲ್ಲ. ಮುಂದಿನ ಕವಲಲ್ಲಿ ಇನ್ನೊಬ್ಬರು. ಹೀಗಾದರೆ ಸಾಲು ಎಷ್ಟು ಉದ್ದ ಆದರೂ ದಾರಿ ತಪ್ಪಲ್ಲ. ಗುಂಪು ಒಡೆದರೆ ಪಂಕ್ಚರ್ ಕಿಟ್ ಒಂದು ಕಡೆ, ಪಂಕ್ಚರ್ ಆದ ಬೈಕ್ ಇನ್ನೊಂದು ಕಡೆ ಆಗುತ್ತದೆ. ಫೋನ್ ಸಿಗ್ನಲ್ ಬೇರೆ ಇರಲ್ಲ.

ಕೊನೇಬೈಕ್:
ಕವಲಲ್ಲಿ ನಿಲ್ಲೋ ಪದ್ಧತಿ ಚೆನ್ನಾಗಿದೆ ಸರ್, ನಾನೂ ಬಳಸುತ್ತೇನೆ. ಆದರೆ ಅದನ್ನು ಮೊದಲೇ ಕಲಿತ ಗುಂಪಿಗೆ ಮಾತ್ರ. ಒಬ್ಬರು ಮರೆತು ಹೊರಟರೂ ಹಿಂದಿನ ಅಷ್ಟೂ ಜನ ತಪ್ಪು ದಾರಿ ಹಿಡಿಯುತ್ತಾರೆ. ಅಮೆರಿಕದ ಮೋಟರ್‌ಸೈಕಲ್ ಸೇಫ್ಟಿ ಫೌಂಡೇಶನ್ ಕೂಡ ಒಂದು ಗುಂಪಿಗೆ 5ರಿಂದ 7 ಸವಾರರು ಸಾಕು ಅನ್ನುತ್ತದೆ. ಕಿಟ್ ವಿಷಯ ಸುಲಭ, ಗುಂಪಿಗೊಂದು ಕಿಟ್ ಇರಲಿ.

ಹೊಸಹೆಲ್ಮೆಟ್:
ಹೊಸಬರ ಕಡೆಯಿಂದ ಒಂದು ಮಾತು. ನಾನು ಓಡಿಸೋಕೆ ಶುರು ಮಾಡಿ ಆರು ತಿಂಗಳಾಗಿತ್ತು. ದೊಡ್ಡ ಗುಂಪಲ್ಲಿ ಹೋದೆ. ನಿಧಾನ ಓಡಿಸುತ್ತೇನೆ ಅಂತ ನನ್ನನ್ನು ಹಿಂದೆ ಹಾಕಿದರು. ಅರ್ಧ ದಾರಿಯಲ್ಲಿ ಮಳೆ ಹನಿ ಶುರುವಾಯಿತು. ಒಂದೇ ಒಂದು ಟೈಲ್‌ಲ್ಯಾಂಪೂ ಕಾಣಲಿಲ್ಲ, ಹೆದರಿ ಆಕ್ಸಿಲರೇಟರ್ ಕೊಟ್ಟೆ. ತಿರುವಿನ ಮಧ್ಯೆ ಮುಂದಿನ ಬ್ರೇಕ್ ಹಿಡಿದೆ, ಬಿದ್ದೆ. ಒಣ ರಸ್ತೆಗೆ ಮೊದಲು ಬೀಳೋ ಮಳೆಯೇ ಜಾಸ್ತಿ ಜಾರುತ್ತದೆ, ಎಣ್ಣೆ, ಧೂಳು ಎಲ್ಲ ಮೇಲೆ ಬರುತ್ತದೆ ಅಂತ ಆಗ ಗೊತ್ತಿರಲಿಲ್ಲ. ಮೊಣಕೈ ಮುರಿದಿತ್ತು. ಮುಂದಿನವರಿಗೆ ಗೊತ್ತಾಗಿ ವಾಪಸ್ ಬರೋಕೆ ಇಪ್ಪತ್ತು ನಿಮಿಷ ಆಯಿತು. ದಯವಿಟ್ಟು ಹೊಸಬರನ್ನು ಲೀಡ್ ಹಿಂದೆಯೇ ಇಟ್ಟುಕೊಳ್ಳಿ. ಅವರ ವೇಗವೇ ಗುಂಪಿನ ವೇಗ ಆಗಲಿ.

ನಾಲ್ಕನೇಗೇರ್:
ಇದನ್ನು ಪೂರ್ತಿ ಒಪ್ಪುತ್ತೇನೆ. ನಮ್ಮ ಗುಂಪಲ್ಲೂ ಹೊಸಬರು ಹಿಂದೆಯೇ ಇರುತ್ತಿದ್ದರು. ಬದಲಾಯಿಸುತ್ತೇನೆ.

ಹೊಳೆದಂಡೆ:
ಎಲ್ಲರೂ ರಸ್ತೆ ಬಗ್ಗೆಯೇ ಮಾತಾಡ್ತಿದ್ದೀರಿ. ನನಗೆ ಭಯ ಇರೋದು ಬೈಕ್ ನಿಲ್ಲಿಸಿದ ಮೇಲೆ. ಜನ ಬಾರದ ಜಲಪಾತದಲ್ಲಿ ಬೇಲಿ ಇರಲ್ಲ, ಎಚ್ಚರಿಕೆ ಬೋರ್ಡ್ ಇರಲ್ಲ, ಕಾಪಾಡೋರೂ ಇರಲ್ಲ. ರೈಡಿಂಗ್ ಬೂಟು ಪಾಚಿ ಬಂಡೆ ಮೇಲೆ ನಿಲ್ಲುವುದೇ ಇಲ್ಲ, ನಡೆಯೋಕೆ ಬೇರೆ ಶೂ ತನ್ನಿ. ನೀವಿದ್ದ ಕಡೆ ಬಿಸಿಲಿದ್ದರೂ ಮೇಲೆ ಎಲ್ಲೋ ಮಳೆ ಸುರಿದಿದ್ದರೆ ನೀರು ಒಮ್ಮೆಲೇ ಏರುತ್ತದೆ. ತಿಳಿ ನೀರು ಕೆಂಪಗಾಯಿತು, ಎಲೆ ಕಡ್ಡಿ ತೇಲಿ ಬಂತು, ಸದ್ದು ಬದಲಾಯಿತು ಅಂದರೆ ಫೋಟೋ ಬಿಟ್ಟು ಎತ್ತರಕ್ಕೆ ಹತ್ತಿ. ಆ ಹೊತ್ತಲ್ಲಿ ಹೊಳೆ ದಾಟಿ ಬ್ಯಾಗ್ ತರೋಕೆ ಹೋಗಬೇಡಿ. ಮೊಣಕಾಲುದ್ದದ ನೀರಿಗೂ ಸೆಳೆತ ಇದ್ದರೆ ಮನುಷ್ಯನನ್ನು ಕೆಡವುತ್ತದೆ.

ಮಂಜುಹನಿ:
ನಮ್ಮಲ್ಲಿ ಮೂವರಿಗೆ ಚೆನ್ನಾಗಿ ಈಜು ಬರುತ್ತದೆ.

ಹೊಳೆದಂಡೆ:
ಬರಲಿ, ಆದರೂ ಧಾರೆ ಬೀಳುವ ಕಡೆ ಇಳಿಸಬೇಡಿ. ಅಲ್ಲಿನ ನೊರೆ ನೀರಿನಲ್ಲಿ ಗಾಳಿ ತುಂಬಿರುತ್ತದೆ, ಅದು ಮೈಯನ್ನು ಸರಿಯಾಗಿ ತೇಲಿಸಲ್ಲ. ಮೇಲಿಂದ ಬಿದ್ದ ನೀರು ಕೆಳಗೆ ಸುತ್ತಿ ಮತ್ತೆ ಧಾರೆಯ ಬುಡಕ್ಕೇ ಎಳೆಯುತ್ತದೆ. ಕಲ್ಲು, ಮರದ ತುಂಡು ಬೀಳೋದೂ ಉಂಟು. ಕೊಳದಲ್ಲಿ ಈಜೋದನ್ನು ಕಲಿತವರಿಗೆ ಇದರ ಅಂದಾಜು ಸಿಗಲ್ಲ.

ಕಾಡುದಾರಿ:
ನನ್ನದು ಬೇರೆ ಚಿಂತೆ. ಬಂದ ಮೇಲೆ ಲೊಕೇಶನ್ ಟ್ಯಾಗ್ ಮಾಡಿ ಫೋಟೋ ಹಾಕಬೇಡಿ. ನನಗೆ ಇಷ್ಟವಾದ ಒಂದು ಜಾಗ ಹಾಗೇ ಹಾಳಾಯಿತು. ಎರಡೇ ವರ್ಷದಲ್ಲಿ ನೀರಿನ ಪಕ್ಕ ಬಾಟಲಿ ಚೂರು, ಪ್ಲಾಸ್ಟಿಕ್.

ನಾಲ್ಕನೇಗೇರ್:
ನಮಗೂ ಯಾರೋ ಹೇಳಿದ್ದಕ್ಕೇ ದಾರಿ ಗೊತ್ತಾಗಿದ್ದು, ಅಲ್ವಾ? ನಾವು ನೋಡಿ ಬಂದು ಉಳಿದವರಿಗೆ ಮುಚ್ಚಿಡೋದು ಸರಿ ಅನ್ನಿಸಲ್ಲ.

ಕಾಡುದಾರಿ:
ಕೇಳಿದವರಿಗೆ ಹೇಳಿ, ನಾನೂ ಹೇಳುತ್ತೇನೆ. ಹೇಳುವಾಗ ಕಸ ವಾಪಸ್ ತನ್ನಿ ಅಂತಲೂ ಹೇಳಬಹುದು. ಟ್ಯಾಗ್ ಮಾಡಿದರೆ ಆ ಮಾತು ಜೊತೆಗೆ ಹೋಗಲ್ಲ.

ಮಂಜುಹನಿ:
ಎಲ್ಲರಿಗೂ ಥ್ಯಾಂಕ್ಸ್. 5, 5, 4 ಅಂತ ಮೂರು ಗುಂಪು ಮಾಡುತ್ತೇವೆ, ನಡುವೆ ಹತ್ತು ನಿಮಿಷ ಅಂತರ. ಪ್ರತಿ ಗುಂಪಿಗೂ ಕಿಟ್, ಆಫ್‌ಲೈನ್ ಮ್ಯಾಪ್. ಹೊಸಬರು ಲೀಡ್ ಹಿಂದೆ. ಮಣ್ಣು ರಸ್ತೆ ಶುರುವಾಗುವ ಕಡೆ ಎಲ್ಲರೂ ಸೇರುತ್ತೇವೆ. ಮಧ್ಯಾಹ್ನ 2ಕ್ಕೆ ಜಲಪಾತದಿಂದ ಹೊರಡೋದು, ತಲುಪಿರದಿದ್ದರೂ ಇದ್ದ ಕಡೆಯಿಂದಲೇ ವಾಪಸ್. ಮೂರನೇ ಗುಂಪಿಗೆ ಮಾತ್ರ ಅನುಭವ ಇರುವ ಸ್ವೀಪ್ ಇಲ್ಲ. ಕೊನೇಬೈಕ್ ಅವರೇ, ಭಾನುವಾರ ಬಿಡುವಿದೆಯಾ?

ಕೊನೇಬೈಕ್:
ಬರುತ್ತೇನೆ. ಎಲ್ಲರ ಟ್ಯಾಂಕ್ ಎಷ್ಟು ಲೀಟರ್ ಅಂತ ಬರೆದು ಕಳಿಸಿ, ಚಿಕ್ಕ ಟ್ಯಾಂಕ್ ನೋಡಿ ಪೆಟ್ರೋಲ್ ನಿಲುಗಡೆ ಗುರುತು ಮಾಡೋಣ.